ಎರಡು ಬೆರಳೆತ್ತರದ ಹಣತೆ

ಬೆಳಗ್ಗೆ ಆರೂವರೆ. ನೀವು ಹಾಲ್‌ನಲ್ಲಿ ಬಗ್ಗಿದ್ದೀರಿ. ಬಲಗೈಯಲ್ಲಿ ಹುಲ್ಲಿನ ಪೊರಕೆ, ಎಡಗೈ ಮಂಡಿಯ ಮೇಲೆ. ಸೋಫಾದ ಕೆಳಗಿನ ಧೂಳನ್ನು ಎಳೆದುಕೊಳ್ಳಲು ಇನ್ನೊಂದು ಗೇಣು ಮುಂದಕ್ಕೆ ಬಾಗುತ್ತೀರಿ. ಅಷ್ಟೇ. ಸೊಂಟದ ಎಡಕ್ಕೆ ಏನೋ ಚಳಕ್ ಎನ್ನುತ್ತದೆ. ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಏಳಲೂ ಆಗದು, ಕೂರಲೂ ಆಗದು. ಪೊರಕೆಯ ಒಣಹುಲ್ಲಿನ ವಾಸನೆ, ಮೂಗಿಗೆ ಹತ್ತಿದ ಧೂಳು. ಸೀನು ಬರುತ್ತಿದೆ. ಸೀನಿದರೆ ಜೀವ ಹೋದಂತಾಗುತ್ತದೆ ಅಂತ ಗೊತ್ತು, ಆದರೂ ತಡೆಯಲಾಗುತ್ತಿಲ್ಲ.

ಅಡುಗೆಮನೆಯಿಂದ ಅಮ್ಮ ಬರುತ್ತಾಳೆ. ಎರಡೂ ಮಂಡಿಗೆ ಆಪರೇಷನ್ ಆಗಿ ಇನ್ನೂ ಎಂಟು ತಿಂಗಳು. ಗೋಡೆ ಹಿಡಿದು ನಿಧಾನವಾಗಿ ಹತ್ತಿರ ಬಂದು ನಿಮ್ಮ ಕೈಯಲ್ಲಿರುವ ಪೊರಕೆಗೆ ಕೈ ಚಾಚುತ್ತಾಳೆ. "ಬಿಡು ಮಗಾ, ನಾನು ಗುಡಿಸ್ತೀನಿ."

ಆ ಮಾತು ಸೊಂಟಕ್ಕಿಂತ ಹೆಚ್ಚು ನೋಯುತ್ತದೆ. ಯಂತ್ರ ತರುವುದೆಂದು ನಿಮ್ಮ ಮನಸ್ಸು ತೀರ್ಮಾನಿಸುವುದು ಆ ಕ್ಷಣದಲ್ಲೇ.

ಎರಡು ವಾರ ಕಳೆದು ಅಂಗಡಿಯಲ್ಲಿ ನಿಂತಿದ್ದೀರಿ. ಸೊಂಟಕ್ಕೆ ಬಿಗಿದ ಬೆಲ್ಟಿನ ಅಂಚು ಬೆವರಿಗೆ ಚರ್ಮ ಕೊರೆಯುತ್ತಿದೆ. ಮುಂದೆ ಎರಡು ದುಂಡನೆಯ ರೋಬೋಗಳು, ರೊಟ್ಟಿ ಹಂಚಿಗಿಂತ ತುಸು ದೊಡ್ಡವು. ಎರಡೂ ಗುಡಿಸುತ್ತವೆ, ಎರಡೂ ಒರೆಸುತ್ತವೆ. ಅಂಗಡಿಯ ಹುಡುಗ ಹೀರುವ ಶಕ್ತಿ 10,000 ಪಾಸ್ಕಲ್ ಎಂದು ಮತ್ತೆ ಮತ್ತೆ ಹೇಳುತ್ತಿದ್ದಾನೆ. ಪಾಸ್ಕಲ್ ಎಂದರೆ ಒತ್ತಡದ ಅಳತೆ. ನಮ್ಮ ಮೈಮೇಲೆ ಗಾಳಿ ಸದಾ ಹೇರುವ ಒತ್ತಡವೇ ಸುಮಾರು ಒಂದು ಲಕ್ಷ ಪಾಸ್ಕಲ್. ಅವನು ಹೇಳುತ್ತಿರುವುದು ಅದರ ಹತ್ತರಲ್ಲೊಂದು ಪಾಲು. ಮನೆಯ ಟೈಲ್ಸ್ ಮೇಲಿನ ಕೂದಲು, ಧೂಳಿಗೆ ಅಷ್ಟು ಕೂಡ ಬೇಕಿಲ್ಲ. ನೀವು ಯೋಚಿಸಬೇಕಾದದ್ದು ಬೇರೆಯೇ ಇದೆ.

ಒಂದು ಯಂತ್ರಕ್ಕೆ ಮುಂದೆ ಕ್ಯಾಮೆರಾ ಇದೆ. ಇನ್ನೊಂದಕ್ಕೆ ನೆತ್ತಿಯ ಮೇಲೆ ಡಬ್ಬಿಯಂಥ ಗೋಪುರ, ಅದರೊಳಗೆ ಗಿರಗಿರ ತಿರುಗುವ ಲೇಸರ್. ಅದೇ ಲೈಡಾರ್. ಬೆಳಕು ಗೋಡೆಗೆ ಬಡಿದು ಹಿಂದಿರುಗುವುದನ್ನು ಅಳೆದು ಅದು ಮನೆಯ ನಕ್ಷೆ ಬರೆದುಕೊಳ್ಳುತ್ತದೆ. ಕತ್ತಲಲ್ಲೂ ದಾರಿ ತಪ್ಪುವುದಿಲ್ಲ. ಆದರೆ ಅದು ನೋಡುವುದು ತನ್ನ ನೆತ್ತಿಯ ಮಟ್ಟದಲ್ಲಿ ಮಾತ್ರ, ನೆಲದಿಂದ ಸುಮಾರು ಅರ್ಧ ಗೇಣಿನಷ್ಟು ಮೇಲೆ. ಅದಕ್ಕಿಂತ ಕೆಳಗಿನದು ಅದಕ್ಕೆ ಕಾಣದು. ಚಾರ್ಜರಿನ ವೈರು, ಚಪ್ಪಲಿ ಕ್ಯಾಮೆರಾ ಇರುವುದಕ್ಕೆ ಕಾಣುತ್ತವೆ.

ಹಾಗಾದರೆ ಕ್ಯಾಮೆರಾದ್ದೇ ಸರಿ ಎಂದು ಕೈ ಆ ಕಡೆ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ. 2022ರ ಡಿಸೆಂಬರಿನಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಬಯಲಿಗೆ ತಂದ ಸುದ್ದಿ ನೀವು ಓದಿದ್ದೀರಿ. ಪರೀಕ್ಷೆಗೆ ಒಪ್ಪಿಕೊಂಡವರ ಮನೆಗಳಲ್ಲಿ ಓಡಾಡಿದ ಇಂಥ ರೋಬೋಗಳು ತೆಗೆದ ಚಿತ್ರಗಳು, ಅವುಗಳಲ್ಲಿ ಏನೇನಿದೆ ಎಂದು ಗುರುತು ಹಾಕುವ ಕೆಲಸದವರಿಂದ ಅಂತರ್ಜಾಲಕ್ಕೆ ಸೋರಿದ್ದವು. ಅವುಗಳಲ್ಲೊಂದು ಶೌಚಾಲಯದಲ್ಲಿ ಕುಳಿತಿದ್ದ ಹೆಂಗಸಿನದು. ಅಮ್ಮ ಸ್ನಾನ ಮುಗಿಸಿ, ಸೀರೆಯನ್ನು ಹೇಗೋ ಸುತ್ತಿಕೊಂಡು, ಗೋಡೆ ಹಿಡಿದು ರೂಮಿಗೆ ನಡೆಯುವ ಹೊತ್ತು ಕಣ್ಣ ಮುಂದೆ ಬರುತ್ತದೆ. ಲೇಸರಿನದನ್ನೇ ತೋರಿಸುತ್ತೀರಿ. "ಇದನ್ನೇ ಕೊಡಿ."

ಈ ಆಯ್ಕೆ ನೆನಪಿರಲಿ. ಕೆಳಗಿನದು ಕಾಣದ ಯಂತ್ರವನ್ನು ನೀವು ತಿಳಿದೇ ಮನೆಗೆ ತರುತ್ತಿದ್ದೀರಿ.

ಮೊದಲ ದಿನ ಇಬ್ಬರೂ ಸೋಫಾದ ಮೇಲೆ ಕಾಲು ಎತ್ತಿಕೊಂಡು ಕೂತಿದ್ದೀರಿ. ಗೋಪುರ ತಿರುಗತೊಡಗುತ್ತದೆ. ದೂರದಲ್ಲಿ ಮಿಕ್ಸಿ ಆಡಿಸಿದಂಥ ಸದ್ದು ಹಾಲ್ ತುಂಬುತ್ತದೆ. ರೋಬೋ ಗೋಡೆಯ ಅಂಚು ಹಿಡಿದು ಒಂದು ಸುತ್ತು ಹಾಕುತ್ತದೆ, ಆಮೇಲೆ ನೇಗಿಲ ಸಾಲಿನಂತೆ ಒಂದರ ಪಕ್ಕ ಒಂದು ನೇರ ಗೆರೆ. ನಿಮ್ಮ ಫೋನಿನಲ್ಲಿ ಮನೆ ಸ್ವಲ್ಪ ಸ್ವಲ್ಪವೇ ಮೂಡುತ್ತದೆ: ಹಾಲ್, ಪ್ಯಾಸೇಜ್, ಅಮ್ಮನ ರೂಮು, ದೇವರ ಮೂಲೆ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 2001ರಲ್ಲಿ ಟ್ರೈಲೋಬೈಟ್ ಎಂಬ ರೋಬೋ ಮಾರಿತು, ಮರುವರ್ಷ ಅಮೆರಿಕದಲ್ಲಿ ರೂಂಬಾ ಬಂತು. ಆಗಿನ ರೂಂಬಾ ಡಿಕ್ಕಿ ಹೊಡೆದು, ತಿರುಗಿ, ಮತ್ತೆ ಡಿಕ್ಕಿ ಹೊಡೆದು ಮನೆ ಗುಡಿಸುತ್ತಿತ್ತು. ನಿಮ್ಮ ಮುಂದಿರುವುದಕ್ಕೆ ಎಲ್ಲಿ ಹೋಗಿ ಬಂದೆ ಎಂಬ ನೆನಪಿದೆ. ಮಂಚದ ಕೆಳಗೆ ನುಗ್ಗಿ ಮರೆಯಾಗುತ್ತದೆ. ನಿಮ್ಮ ಸೊಂಟ ಹಿಡಿದದ್ದು ಇಂಥದೇ ಜಾಗದಲ್ಲಿ. ಅದು ಬೂದುಬಣ್ಣದ ಧೂಳಿನ ಎಳೆಯೊಂದನ್ನು ಎಳೆದುಕೊಂಡು ಹೊರಬರುವಾಗ ನಿಮಗೆ ಗಂಟಲು ಕಟ್ಟುತ್ತದೆ.

ನವಲಗುಂದದ ಜಮಖಾನದ ಕಪ್ಪು ಪಟ್ಟಿಯ ಹತ್ತಿರ ಬಂದು ಗಕ್ಕನೆ ನಿಲ್ಲುತ್ತದೆ, ಹಿಂದೆ ಸರಿಯುತ್ತದೆ. ಮೆಟ್ಟಿಲಿಂದ ಬೀಳದಿರಲೆಂದು ಅದರ ಹೊಟ್ಟೆಯಡಿ ಅತಿಗೆಂಪು ಬೆಳಕಿನ ಸೆನ್ಸರ್‌ಗಳಿವೆ. ಕಪ್ಪು ಬಣ್ಣ ಆ ಬೆಳಕನ್ನು ಹೀರಿಕೊಂಡು ಹಿಂದಕ್ಕೆ ಕೊಡುವುದಿಲ್ಲ, ಅಲ್ಲಿ ಹಳ್ಳವಿದೆ ಎಂದು ಯಂತ್ರ ಅಂದುಕೊಳ್ಳುತ್ತದೆ. ಜಮಖಾನ ಸುತ್ತಿ ಅಟ್ಟಕ್ಕೆ ಹಾಕುತ್ತೀರಿ. ಮನೆಯನ್ನು ಯಂತ್ರಕ್ಕೆ ಒಗ್ಗಿಸುವ ಕೆಲಸ ಅಲ್ಲಿಂದಲೇ ಶುರು. ದಿನಾ ಬೆಳಗ್ಗೆ ವೈರು ಎತ್ತಬೇಕು, ಚಪ್ಪಲಿ ಎತ್ತಬೇಕು, ಕುರ್ಚಿಗಳನ್ನು ಟೇಬಲ್ಲಿನ ಮೇಲೆ ಬೋರಲು ಹಾಕಬೇಕು.

ಆದರೆ ಬರಿಗಾಲಲ್ಲಿ ನಡೆದು ನೋಡಿ. ಅಂಗಾಲಿಗೆ ಮರಳು ಹತ್ತುವುದಿಲ್ಲ. ಮೂರನೇ ಮಹಡಿಗೂ ಏರಿಬರುವ ಬೆಂಗಳೂರಿನ ಕಟ್ಟಡ ಕೆಲಸದ ಧೂಳು ಇವತ್ತು ನೆಲದ ಮೇಲಿಲ್ಲ. ಟೈಲ್ಸ್ ತಣ್ಣಗಿದೆ, ತುಸು ತೇವವಿದೆ. ಅಮ್ಮನೂ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಡುತ್ತಾಳೆ. ಏನೂ ಹೇಳುವುದಿಲ್ಲ. ಇನ್ನೆರಡು ಹೆಜ್ಜೆ ಇಡುತ್ತಾಳೆ.

ಹತ್ತು ಗಂಟೆಗೆ ಮನೆಗೆಲಸದ ಅಕ್ಕ ಬರುತ್ತಾರೆ. ಅವರಿಗೆ ಪಾತ್ರೆಗೆ ಬೇರೆ ಸಂಬಳ, ಕಸ-ನೆಲಕ್ಕೆ ಬೇರೆ. ಕಸ-ನೆಲ ಅವರು ಮಾಡುವುದು ದಿನ ಬಿಟ್ಟು ದಿನ, ಉಳಿದ ದಿನ ನೀವು. ಬಾಗಿಲಲ್ಲೇ ನಿಂತು ಓಡಾಡುವ ಯಂತ್ರವನ್ನು ನೋಡುತ್ತಾರೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾರೆ.

"ಇನ್ಮೇಲೆ ನೆಲಕ್ಕೆ ನಾನ್ ಬೇಡ್ವಾ ಅಮ್ಮಾವ್ರೇ?"

ಅಮ್ಮ ನಿಮ್ಮ ಮುಖ ನೋಡುತ್ತಾಳೆ. ಇದರ ಉತ್ತರ ನಿಮ್ಮ ಬಾಯಿಂದಲೇ ಬರಬೇಕು. ಅವರ ನೆಲದ ಸಂಬಳ ಉಳಿಸಿದರೆ ಎಷ್ಟು ತಿಂಗಳಲ್ಲಿ ಯಂತ್ರದ ದುಡ್ಡು ಹುಟ್ಟುತ್ತದೆ ಎಂದು ಅಂಗಡಿಯಲ್ಲಿ ನೀವೂ ಲೆಕ್ಕ ಹಾಕಿದ್ದಿರಿ. ಆ ಲೆಕ್ಕವೀಗ ಬಾಗಿಲಲ್ಲಿ ನಿಂತು ಸೆರಗು ಸುತ್ತುತ್ತಿದೆ. ಎಂಟು ತಿಂಗಳ ಹಿಂದೆ ಅಮ್ಮನನ್ನು ಮಂಚದಿಂದ ಎತ್ತಿ ಕೂರಿಸಿದ ಕೈಗಳು ಇವರವೇ.

"ಹಾಗೇನಿಲ್ಲ ಅಕ್ಕ. ಇದು ಮೂಲೆಗೆ ಹೋಗಲ್ಲ, ಬಚ್ಚಲು ತೊಳೆಯಲ್ಲ. ವಾರಕ್ಕೆ ಎರಡು ದಿನ ಕೈಯಲ್ಲಿ ಒರೆಸಿ. ಸಂಬಳ ಅಷ್ಟೇ ಇರುತ್ತೆ."

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಸಾರು ಚೆಲ್ಲಿದ ಜಾಗ, ಒಣಗಿದ ದೋಸೆ ಹಿಟ್ಟಿನ ಹನಿ ಈ ಯಂತ್ರದ ಕೈಗೆ ಸಿಗುವುದಿಲ್ಲ. ಅದರ ಹೊಟ್ಟೆಯ ನೀರು ಒಂದು ಲೋಟದಷ್ಟು. ಒದ್ದೆ ಬಟ್ಟೆ ಎಳೆದುಕೊಂಡು ಹೋಗುತ್ತದೆಯೇ ಹೊರತು ಅಂಗೈ ಊರಿ ಉಜ್ಜುವ ಬಲ ಅದಕ್ಕಿಲ್ಲ. ತಿರುಗುವ ಬಟ್ಟೆ, ಅದನ್ನು ಬಿಸಿನೀರಲ್ಲಿ ತಾನೇ ತೊಳೆಯುವ ಡಾಕ್ (ಚಾರ್ಜ್ ಮಾಡಿಕೊಳ್ಳುವ ತಾಣ) ಇರುವಂಥವು ಇನ್ನೂ ಚೆನ್ನಾಗಿ ಒರೆಸುತ್ತವೆ, ಆದರೆ ಬೆಲೆ ಹೆಚ್ಚು. ಈ ದುಂಡಗಿನ ಯಂತ್ರವಂತೂ ಚೌಕ ಮೂಲೆಯನ್ನು ಪೂರ್ತಿ ಮುಟ್ಟಲಾರದು.

ಭಾನುವಾರ ಮಧ್ಯಾಹ್ನ ನ್ಯೂಸ್‌ಪೇಪರ್ ಹಾಸಿ ಅದನ್ನು ಬೋರಲು ಮಲಗಿಸುತ್ತೀರಿ. ಬ್ರಷ್ಷಿನ ಉರುಳೆ ಬಿಚ್ಚುತ್ತೀರಿ. ಅದಕ್ಕೆ ಅಮ್ಮನ ಉದ್ದ ಬಿಳಿಕೂದಲು ಹುರಿಯಂತೆ ಸುತ್ತಿಕೊಂಡಿದೆ, ಜೊತೆಗೆ ಮಲ್ಲಿಗೆ ದಂಡೆಯ ಬಾಳೆನಾರು. ಕತ್ತರಿಯ ಮೊನೆ ತೂರಿಸಿ ಕಟಕ್ ಕಟಕ್ ಎಂದು ಕತ್ತರಿಸುತ್ತೀರಿ. ಎರಡು ತುದಿಯ ಬುಡದಲ್ಲಿ ಇನ್ನೂ ಬಿಗಿ, ಅದಕ್ಕೆ ಸೂಜಿಯೇ ಬೇಕು. ಕಸದ ಡಬ್ಬಿ ಕವುಚಿದರೆ ನಾಲ್ಕು ಸಾಸಿವೆ, ಕರಿಬೇವಿನ ಒಣ ಎಲೆ, ಒಂದು ಕಿವಿಯೋಲೆಯ ತಿರುಪು. ಫಿಲ್ಟರಿನ ಮಡಿಕೆಗಳಲ್ಲಿ ರಂಗೋಲಿ ಪುಡಿ ಬೆಳ್ಳಗೆ ಕೂತಿದೆ. ಮೆಲ್ಲಗೆ ತಟ್ಟಿದರೆ ಮೋಡದಂತೆ ಏಳುತ್ತದೆ, ಕೆಮ್ಮು ಬರುತ್ತದೆ. ಇಷ್ಟು ನುಣ್ಣನೆಯ ಪುಡಿ ತುಂಬಿಕೊಂಡರೆ ಸಾವಿರಾರು ಪಾಸ್ಕಲ್ಲೂ ಉಸಿರು ಕಟ್ಟಿ ನಿಲ್ಲುತ್ತದೆ. ಒದ್ದೆ ಬಟ್ಟೆಯನ್ನು ಒಂದು ರಾತ್ರಿ ಹಾಗೇ ಬಿಟ್ಟಿರೋ, ಮರುದಿನ ಮನೆಯೆಲ್ಲ ಮುಗ್ಗಲು ವಾಸನೆ. ವಾರಕ್ಕೆ ಅರ್ಧ ಗಂಟೆ ಯಂತ್ರಕ್ಕೆ ನೀವು ದುಡಿಯುತ್ತೀರಿ. ಕೂತು ಮಾಡುವ ಕೆಲಸ, ಸೊಂಟ ಬಗ್ಗಿಸುವುದಿಲ್ಲ. ನನಗೆ ಇದು ನ್ಯಾಯವಾದ ವ್ಯವಹಾರವೆಂದೇ ಅನಿಸುತ್ತದೆ.

ಎರಡು ವರ್ಷ ಕಳೆಯುತ್ತದೆ. ಕಾರ್ತಿಕ ಮಾಸ.

ಸಂಜೆ ಆರೂಮುಕ್ಕಾಲು. ಅಮ್ಮ ಬಾಗಿಲ ಒಳಗೆ, ಹೊಸ್ತಿಲ ಪಕ್ಕ ಐದು ಹಣತೆ ಸಾಲಾಗಿ ಇಟ್ಟು ಹಚ್ಚಿದ್ದಾಳೆ. ಹಾಲ್‌ನ ಲೈಟ್ ಆರಿಸಿದೆ. ಮಂಡಿ ಚಾಚಿ ಕುರ್ಚಿಯಲ್ಲಿ ಕೂತು, ಸೆರಗು ಹೊದ್ದು, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಾಳೆ. ಎಳ್ಳೆಣ್ಣೆಯ ಪರಿಮಳ ಅಡುಗೆಮನೆಯವರೆಗೂ ಬಂದಿದೆ. ನೀವು ಒದ್ದೆ ಬಟ್ಟೆಯಲ್ಲಿ ಕಟ್ಟೆ ಒರೆಸುತ್ತಿದ್ದೀರಿ.

ಅವತ್ತು ಮಧ್ಯಾಹ್ನ ನಾಲ್ಕಕ್ಕೆ ರೋಬೋ ಕೆಲಸ ಶುರುಮಾಡಿತ್ತು. ಎರಡು ವರ್ಷ ಹಳೆಯ ಬ್ಯಾಟರಿ. ಅರ್ಧ ಮನೆ ಮುಗಿಸುವಷ್ಟರಲ್ಲಿ ಸೋತು ಡಾಕ್‌ಗೆ ಹೋಗಿ ಕೂತಿತ್ತು. ನೀವದನ್ನು ಮರೆತಿದ್ದೀರಿ. ಅದು ಮರೆತಿಲ್ಲ. ಚಾರ್ಜ್ ತುಂಬಿದ ಮೇಲೆ ಬಿಟ್ಟ ಕೆಲಸ ಮುಗಿಸಬೇಕೆಂಬುದು ಅದಕ್ಕೆ ಕೊಟ್ಟ ಆಜ್ಞೆ.

ಪ್ಯಾಸೇಜ್‌ನಿಂದ ಒಂದು ದನಿ: "ರೆಸ್ಯೂಮಿಂಗ್ ಕ್ಲೀನಿಂಗ್."

ನಿಮ್ಮ ಕೈ ನಿಲ್ಲುತ್ತದೆ. ಗೋಪುರ ತಿರುಗುವ ಸದ್ದು. ಚಕ್ರದ ಸದ್ದು. ಉಳಿದಿರುವ ಅರ್ಧ ಯಾವುದು? ಹಾಲ್!

ಹಣತೆ ಎರಡು ಬೆರಳೆತ್ತರ. ಲೇಸರ್ ಅದರ ಮೇಲಿಂದ ಹಾದುಹೋಗಿ ಬಾಗಿಲನ್ನಷ್ಟೇ ನೋಡುತ್ತದೆ. ಮುಂದಿನ ಬಂಪರಿಗೆ ತಗುಲಿದರೆ ನಿಲ್ಲಬೇಕು ನಿಜ, ಆದರೆ ಬಂಪರ್ ಒಳಕ್ಕೆ ಒತ್ತುವಷ್ಟು ಭಾರ ಒಂದು ಮಣ್ಣಿನ ಹಣತೆಗೆಲ್ಲಿದೆ? ಓಡುತ್ತೀರಿ. ಪ್ಯಾಸೇಜ್ ದಾಟುವಷ್ಟರಲ್ಲಿ ಕಾಣುತ್ತದೆ: ಕತ್ತಲಲ್ಲಿ ಕಪ್ಪು ತಟ್ಟೆ, ಅದರ ಮುಂದೆ ಐದು ದೀಪ. ಪಕ್ಕದ ಬ್ರಷ್ ಮೊದಲನೆಯದಕ್ಕೆ ಬಡಿಯುತ್ತದೆ. ಟಣ್. ಹಣತೆ ಉರುಳುತ್ತದೆ. ಎಣ್ಣೆ ಹರಿಯುತ್ತದೆ. ಬತ್ತಿ ಆರಿಲ್ಲ. ಉರಿಯುತ್ತಲೇ ನೆಲದ ಮೇಲಿದೆ, ಯಂತ್ರದ ಬಾಯಿಗೆ ಒಂದು ಗೇಣು. ಆ ಬಾಯಿಯ ಹಿಂದೆ ಕೂದಲು, ಒಣಧೂಳು, ಪ್ಲಾಸ್ಟಿಕ್, ಲಿಥಿಯಂ ಬ್ಯಾಟರಿ.

"ಅಯ್ಯೋ!" ಅಮ್ಮ ಕುರ್ಚಿಯ ಕೈ ಹಿಡಿದು ಏಳುತ್ತಿದ್ದಾಳೆ.

ಅವಳ ಕಾಲ ಮುಂದೆ ಎಣ್ಣೆ.

ಯಾವುದು ಮೊದಲು? ಬೆಂಕಿಯೋ, ಅಮ್ಮನೋ? ಎದೆ ಕಿವಿಯಲ್ಲಿ ಹೊಡೆದುಕೊಳ್ಳುತ್ತಿದೆ. "ಅಮ್ಮ, ಏಳಬೇಡ! ಕೂತ್ಕೋ!" ಕೂಗಿದ ದನಿ ನಿಮ್ಮದೇ ಎಂದು ನಿಮಗೇ ಗೊತ್ತಾಗುವುದಿಲ್ಲ. ಅಮ್ಮ ಬೆಚ್ಚಿ ಕುಸಿದು ಕೂರುತ್ತಾಳೆ. ಒಂದು ಕೈಯಲ್ಲಿ ಒದ್ದೆ ಬಟ್ಟೆಯನ್ನು ಬತ್ತಿಯ ಮೇಲೆ ಒತ್ತುತ್ತೀರಿ, ಇನ್ನೊಂದರಲ್ಲಿ ಯಂತ್ರ ಎತ್ತುತ್ತೀರಿ. ಚುಂಯ್. ನೆಲ ಬಿಟ್ಟೊಡನೆ ಚಕ್ರಗಳು ಜೋಲುತ್ತವೆ, ಮೋಟಾರು ನಿಲ್ಲುತ್ತದೆ. ಹೊಗೆ. ಸುಟ್ಟ ಬಟ್ಟೆ, ಎಣ್ಣೆಯ ವಾಸನೆ. ಸೊಂಟದ ಎಡಕ್ಕೆ ಹಳೆಯ ಚಳಕು.

ಉಳಿದ ನಾಲ್ಕು ದೀಪ ಅಲುಗದೆ ಉರಿಯುತ್ತಿವೆ. ಇಬ್ಬರೂ ಬಹಳ ಹೊತ್ತು ಮಾತಾಡುವುದಿಲ್ಲ.

ಎಣ್ಣೆಯ ಮೇಲೆ ಸೀಗೆಪುಡಿ ಉದುರಿಸಿ, ಮಂಡಿಯೂರಿ, ಅಂಗೈ ಒತ್ತಿ ಉಜ್ಜುತ್ತೀರಿ. ಬೆರಳಿಗೆ ಜಿಡ್ಡು ಹತ್ತುವುದು ನಿಲ್ಲುವವರೆಗೂ ಉಜ್ಜುತ್ತೀರಿ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಅಮ್ಮ ಚಿಕ್ಕಂದಿನಿಂದ ಹೇಳಿದ ಮಾತು ಅವಳೂ ಈಗ ಎತ್ತುವುದಿಲ್ಲ, ನೀವೂ ಎತ್ತುವುದಿಲ್ಲ. ಕೊನೆಗೆ ಅವಳೇ ಕೇಳುತ್ತಾಳೆ.

"ಬಿಸಾಕಿಬಿಡ್ತೀಯಾ ಅದನ್ನ?"

"ಏನ್ ಮಾಡೋದು ಹೇಳು."

"ಬೇಡ ಮಗಾ. ಎರಡು ವರ್ಷದಿಂದ ನಿನ್ನ ಸೊಂಟ ಉಳಿಸಿದೆ. ಸಂಜೆ ಹೊತ್ತು ಕಟ್ಟಿಹಾಕು."

ನೀವು ಫೋನ್ ತೆಗೆಯುತ್ತೀರಿ. ಚಾರ್ಜ್ ಆದಮೇಲೆ ತಾನೇ ಮುಂದುವರಿಯುವ ಆಯ್ಕೆಯನ್ನು ಆಫ್ ಮಾಡುತ್ತೀರಿ. ನಕ್ಷೆಯಲ್ಲಿ ಬಾಗಿಲ ಮುಂದೆ, ದೇವರ ಮೂಲೆಯಲ್ಲಿ ಕೆಂಪು ಚೌಕ ಎಳೆಯುತ್ತೀರಿ, ಅಲ್ಲಿಗೆ ಅದು ಹೋಗಬಾರದು. ಬೆರಳು ಇನ್ನೂ ನಡುಗುತ್ತಿದೆ, ಚೌಕ ಎರಡು ಸಲ ಸೊಟ್ಟಗಾಗುತ್ತದೆ. ನಕ್ಷೆ ಎಂದಾದರೂ ಅಳಿಸಿಹೋದರೆ ಚೌಕವೂ ಹೋಗುತ್ತದೆ. ಆದ್ದರಿಂದ ಕಾರ್ತಿಕದ ಉಳಿದ ದಿನಗಳಲ್ಲಿ ಸಂಜೆಯಾಗುವ ಮುಂಚೆಯೇ ನೀವೇ ಅದರ ಸ್ವಿಚ್ ಆರಿಸುತ್ತೀರಿ.

ಯಂತ್ರ ನಿಮ್ಮ ಮನೆಯಲ್ಲಿ ಈಗಲೂ ಇದೆ. ಅಕ್ಕನೂ ವಾರಕ್ಕೆ ಎರಡು ದಿನ ಕೈಯಲ್ಲಿ ನೆಲ ಒರೆಸುತ್ತಾರೆ. ಸೊಂಟ ನೋವಿರುವವರು, ಮಂಡಿಯ ಆಪರೇಷನ್ ಆದವರು ಇರುವ ಮನೆಗೆ ರೋಬೋ ತನ್ನಿ ಎಂದು ನಾನು ಎರಡು ಮಾತಿಲ್ಲದೆ ಹೇಳುತ್ತೇನೆ. ತಂದಮೇಲೆ ಒಂದು ಕೆಲಸ ಮಾಡಿ. ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ನಿಮ್ಮ ಮನೆಯನ್ನು ಒಮ್ಮೆ ನೋಡಿ, ಎರಡು ಬೆರಳೆತ್ತರದಲ್ಲಿ ಅಲ್ಲಿ ಏನೇನಿದೆ ಅಂತ. ಬಗ್ಗಲು ಆಗದಿದ್ದರೆ ಮನೆಯ ಮಕ್ಕಳಿಗೆ ಹೇಳಿ ನೋಡಿಸಿ. ದೀಪ ಹಚ್ಚುವ ಮುಂಚೆ ಸ್ವಿಚ್ ಆರಿಸಿ.