ಟರ್ಬೊ ಹಾಕಿಸಲೋ, ಮಾರಿಬಿಡಲೋ

ದೇವರು ಕಷ್ಟ ಕೊಡಲು ಮರೆತರೆ ಕೆಲವರು ಸೈಟಿನ ವ್ಯಾಜ್ಯಕ್ಕೆ ಇಳಿಯುತ್ತಾರೆ, ಕೆಲವರು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಚುನಾವಣೆಗೆ ನಿಲ್ಲುತ್ತಾರೆ. ನನ್ನ ಅಣ್ಣನ ಮಗ ಸ್ಪೋರ್ಟ್ಸ್ ಕಾರು ಕೊಂಡುಕೊಂಡ. ಮೈಸೂರಿನ ಹುಡುಗ, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದಾನೆ. ಮನೆಗೆ ಬೇಕಾದ ಕಾರು ಮನೆಯಲ್ಲಿದೆ, ಇದು ಅವನ ಮನಸ್ಸಿಗೆ ಬೇಕಾದದ್ದು. 1991ರ ಮಾಜ್ದಾ ಮಿಯಾಟಾ, ಕೆಂಪು ಬಣ್ಣ, ಎರಡೇ ಸೀಟು. "ನಾನೂ ನಿಮ್ಮಪ್ಪನೂ ಬಂದ್ರೆ ಎಲ್ಲೋ ಕೂರೋದು?" ಎಂದು ಅತ್ತಿಗೆ ಕೇಳಿದರೆ, "ಒಬ್ಬೊಬ್ಬರೇ ಬನ್ನಿ ಅಮ್ಮ" ಎಂದನಂತೆ.

ಕೊಂಡ ಮೇಲೆ ಸುಮ್ಮನಿರಬಾರದೆ? ಇಲ್ಲ. ಭಾನುವಾರ ಬೆಳಿಗ್ಗೆ ನಾನು ಎರಡನೆಯ ಲೋಟ ಕಾಫಿಗೆ ಕೈಹಾಕುವ ಹೊತ್ತಿಗೆ ಸರಿಯಾಗಿ ಫೋನು. "ಚಿಕ್ಕಪ್ಪ, ಇದಕ್ಕೆ ಟರ್ಬೊ ಹಾಕಿಸಿಬಿಡ್ಲಾ, ಇಲ್ಲಾ ಮಾರಿ ಒಂದು ಪೋರ್ಷೆ ಬಾಕ್ಸ್‌ಟರ್ ತಗೊಳ್ಲಾ?" ನನ್ನನ್ನೇ ಏಕೆ ಕೇಳುತ್ತಾನೆಂದರೆ, ಊಟದ ಮೇಜಿನಲ್ಲಿ ಈ ಮಾತು ಎತ್ತಕೂಡದೆಂದು ಅವನ ಹೆಂಡತಿಯ ಕಟ್ಟಪ್ಪಣೆಯಾಗಿದೆ. ಅಣ್ಣನಿಗೆ ಹೇಳಿದರೆ ಮನೆಸಾಲದ ಲೆಕ್ಕ ಕೇಳುತ್ತಾನೆ. ಉಳಿದವನು ನಾನು. ಚಿಕ್ಕಂದಿನಿಂದ ಕಾರಿನ ಪತ್ರಿಕೆ ಓದುವ ಚಟ ನನಗೆ. ಕೊಳ್ಳುವ ತಾಕತ್ತಿಲ್ಲದವನಿಗೆ ಸಲಹೆ ಕೊಡುವ ತಾಕತ್ತು ತುಸು ಜಾಸ್ತಿಯೇ ಇರುತ್ತದೆ.

ಈ ಮಿಯಾಟಾದ ಹುಟ್ಟೇ ಒಂದು ಸಲಹೆಯಿಂದ ಆದದ್ದು. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ ಜಪಾನಿಗೆ ಹೋಗಿದ್ದ. ಮುಂದೆ ಮಾಜ್ದಾದ ಅಧ್ಯಕ್ಷರಾದ ಕೆನಿಚಿ ಯಾಮಾಮೊಟೊ ಅವನನ್ನು ಕೂರಿಸಿಕೊಂಡು, ನಾವು ಮುಂದೆ ಎಂಥ ಕಾರು ಮಾಡಬೇಕು ಎಂದು ಕೇಳಿದರು. ಹಾಲ್ ಕಪ್ಪುಹಲಗೆಯ ಮೇಲೆ ಚಿತ್ರ ಬರೆದೇ ತೋರಿಸಿದನಂತೆ: ಇಂಗ್ಲೆಂಡಿನವರು ಹಿಂದೆ ಮಾಡುತ್ತಿದ್ದಂಥ ಹಗುರವಾದ, ಅಗ್ಗದ, ಮೇಲೆ ಚಾವಣಿಯಿಲ್ಲದ ಪುಟ್ಟ ಕಾರು. ಹತ್ತು ವರ್ಷದ ನಂತರ, 1989ರ ಫೆಬ್ರುವರಿಯಲ್ಲಿ, ಚಿಕಾಗೋ ಪ್ರದರ್ಶನದಲ್ಲಿ ಅದು ಕಣ್ಣೆದುರು ನಿಂತಿತು. 1.6 ಲೀಟರಿನ ಎಂಜಿನ್, 116 ಅಶ್ವಶಕ್ತಿ, ತೂಕ ಸುಮಾರು 960 ಕಿಲೊ. ಕುದುರೆಯೂ ಸವಾರನೂ ಒಂದೇ ಮೈಯಾಗಿರಬೇಕು ಎಂಬುದು ಮುಖ್ಯ ಎಂಜಿನಿಯರ್ ತೊಶಿಹಿಕೊ ಹಿರಾಯಿ ಅವರ ಹಟ. ಆ ಹಟಕ್ಕೆ ಜನ ದುಡ್ಡು ಕೊಟ್ಟರು. 2016ರಲ್ಲಿ ಈ ಕಾರು ಹತ್ತು ಲಕ್ಷದ ಗಡಿ ದಾಟಿತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೆ ಇಲ್ಲ.

ಹೋದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಹುಡುಗ ನನ್ನನ್ನು ಸ್ಕೈಲೈನ್ ಬುಲೆವಾರ್ಡ್ ಎಂಬ ಬೆಟ್ಟದ ರಸ್ತೆಗೆ ಕರೆದೊಯ್ದ. ಚಾವಣಿ ಮಡಿಸುವುದಕ್ಕೆ ಒಂದು ಶಾಸ್ತ್ರವಿದೆ. ಹಿಂದಿನ ಕಿಟಕಿ ಗಾಜಿನದಲ್ಲ, ಪ್ಲಾಸ್ಟಿಕ್ಕಿನದು. ಅದರ ಸುತ್ತ ಸ್ಕೂಲ್ ಬ್ಯಾಗಿನ ಹಾಗೆ ಜಿಪ್. ಮೊದಲು ಜಿಪ್ ಬಿಚ್ಚಿ ಕಿಟಕಿಯನ್ನು ಮಟ್ಟಸವಾಗಿ ಮಲಗಿಸಿ, ಆಮೇಲೆ ಮುಂದಿನ ಎರಡು ಚಿಲಕ ತೆಗೆದು ಬಟ್ಟೆಯ ಚಾವಣಿಯನ್ನು ಹಿಂದಕ್ಕೆ ತಳ್ಳಬೇಕು. ಅವಸರ ಮಾಡಿದರೆ ಪ್ಲಾಸ್ಟಿಕ್ಕಿನಲ್ಲಿ ಗೆರೆ ಬಿದ್ದು ಸೀಳುತ್ತದೆ. ಹುಡುಗ ಇದನ್ನೆಲ್ಲ ಅಭಿಷೇಕಕ್ಕೆ ಅಣಿಮಾಡುವ ಅರ್ಚಕರ ಶ್ರದ್ಧೆಯಿಂದ ಮಾಡಿದ. ಕೂತಾಗ ನೆಲ ಎಷ್ಟು ಹತ್ತಿರವೆಂದರೆ ಬಾಗಿಲಿನಿಂದ ಕೈ ಇಳಿಬಿಟ್ಟರೆ ಜಲ್ಲಿ ಹೆಕ್ಕಬಹುದು. ರೆಡ್‌ವುಡ್ ಮರಗಳ ನಡುವೆ ತಿರುವಿನ ಮೇಲೆ ತಿರುವು. ಗೇರಿನ ಕಡ್ಡಿ ಮಣಿಕಟ್ಟು ಅಲುಗಿಸಿದರೆ ಸಾಕು, ಟಕ್ಕೆಂದು ಬೀಳುತ್ತದೆ. ಸ್ಪೀಡೋಮೀಟರ್ ನೋಡಿದರೆ ಗಂಟೆಗೆ ನಲವತ್ತು ಮೈಲಿ ಅಷ್ಟೆ, ಎದೆ ಹೊಡೆದುಕೊಳ್ಳುವುದು ಮಾತ್ರ ನೂರರ ಲೆಕ್ಕದಲ್ಲಿ.

ಹಾಗಾದರೆ ತೊಂದರೆ ಏನು? ತೊಂದರೆ ಫ್ರೀವೇಯದು. ಏರುದಾರಿಯಲ್ಲಿ ಎಂಜಿನ್ನನ್ನು ಕೂಗಿಸಿಕೊಂಡು ಇವನು ಹತ್ತುವಾಗ, ಹಿಂದಿನ ಸೀಟಿನಲ್ಲಿ ಮೂರು ಮಕ್ಕಳನ್ನು ಕೂರಿಸಿಕೊಂಡ ತಾಯಿಯೊಬ್ಬಳು ಮಿನಿವ್ಯಾನಿನಲ್ಲಿ ಸದ್ದಿಲ್ಲದೆ ದಾಟಿ ಹೋಗುತ್ತಾಳೆ. ಹೋಂಡಾ ಒಡಿಸ್ಸಿಗೆ ಈಗ 280 ಅಶ್ವಶಕ್ತಿ. ಎಲೆಕ್ಟ್ರಿಕ್ ಕಾರುಗಳ ಮಾತೇ ಬೇಡ. "ಪಿಕಪ್ಪೇ ಇಲ್ಲ ಚಿಕ್ಕಪ್ಪ" ಎಂಬ ಗೋಳಿನ ಮೂಲ ಇದು. ಬೆಟ್ಟದ ಮೇಲೆ ಯಾವತ್ತೂ ಈ ಗೋಳು ಕೇಳಿಸಲಿಲ್ಲ ಎಂಬುದನ್ನು ನಾನು ಆಗಲೇ ಗುರುತು ಹಾಕಿಕೊಂಡೆ.

ಈಗ ಟರ್ಬೊ ಪುರಾಣ. ಕಿಟ್ಟಿಗೆ ಕೆಲವು ಸಾವಿರ ಡಾಲರ್, ಎರಡು ವಾರಾಂತ್ಯದ ಕೆಲಸ ಎಂದು ಹುಡುಗ ಹೇಳಿದ. ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ತಂದು, ಹಸು ಕಾಯಲು ಸಂಸಾರ ಹೂಡಿದ ಸನ್ಯಾಸಿಯ ಕಥೆ ಇವನಿಗೆ ಅಜ್ಜಿ ಹೇಳಿರಲಿಲ್ಲವೆ? ಟರ್ಬೊ ಬಂದರೆ ಹೆಚ್ಚು ಗಾಳಿ, ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲು, ಅದಕ್ಕೆ ದೊಡ್ಡ ಇಂಜೆಕ್ಟರ್, ಅವನ್ನು ಆಳಲು ಬೇರೆ ಕಂಪ್ಯೂಟರ್. ಬಿಸಿ ಜಾಸ್ತಿ, ಆದ್ದರಿಂದ ಹೊಸ ರೇಡಿಯೇಟರ್. ಹಳೆಯ ಕ್ಲಚ್ ಜಾರತೊಡಗುತ್ತದೆ, ಅದನ್ನೂ ಬದಲಿಸಿ. ಅಷ್ಟಾದ ಮೇಲೆ ಬಲವೆಲ್ಲ ಹಿಂದಿನ ಚಕ್ರಕ್ಕೆ ಹೋಗುವ ದಾರಿಯಲ್ಲಿ ಡಿಫರೆನ್ಷಿಯಲ್ ಎಂಬ ಪ್ರಾಣಿ ಕೂತಿರುತ್ತದೆ. 1.6 ಲೀಟರಿನ ಕಾರುಗಳಲ್ಲಿ ಅದು ಮೊದಲೇ ಮೆತ್ತಗೆ. ಟರ್ಬೊ ಹಾಕಿದವರು ಒಂದಲ್ಲ ಒಂದು ದಿನ 1994ರ ನಂತರದ 1.8 ಲೀಟರ್ ಕಾರಿನದನ್ನು ಹುಡುಕಿಕೊಂಡು ಗುಜರಿಗೆ ಹೋಗುತ್ತಾರೆ. ಓಟ ಹೆಚ್ಚಿತೆಂದರೆ ನಿಲ್ಲಿಸಲು ದೊಡ್ಡ ಬ್ರೇಕು ಬೇಡವೆ? ಎರಡು ವಾರಾಂತ್ಯ ಎರಡು ಚಳಿಗಾಲವಾಗಿ, ಕಾರು ಸ್ಟ್ಯಾಂಡಿನ ಮೇಲೆ ಕಾಲು ಜೋತುಬಿಟ್ಟುಕೊಂಡು ನಿಂತಿರುತ್ತದೆ.

ಅಲ್ಲದೆ ಸರ್ಕಾರ ಎಂಬುದೊಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ. ಬಾನೆಟ್ ಎತ್ತಿ ಕಣ್ಣಿಟ್ಟು ನೋಡುತ್ತಾರೆ. ಟರ್ಬೊ ಕಿಟ್ಟಿಗೆ ಅಲ್ಲಿನ ವಾಯು ಮಂಡಳಿಯ ಅನುಮೋದನೆ ಸಂಖ್ಯೆ ಇರಬೇಕು, ಇಲ್ಲದಿದ್ದರೆ ಹೊಗೆ ಎಷ್ಟೇ ಶುದ್ಧವಾಗಿರಲಿ, ಫೇಲು. ನಮ್ಮಲ್ಲಿ ಇನ್ನೂ ಬಿಗಿ. ಕಂಪನಿ ಮಾಡಿಕೊಟ್ಟ ಮೂಲ ರೂಪಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಮೇಲೆ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿಬಿಟ್ಟಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಕಾನೂನು ಮೀರಿದ ಒಂದೊಂದು ಆಲ್ಟ್ರೇಷನ್ನಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ನಮ್ಮ ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಸೈಲೆನ್ಸರ್ ಕಿತ್ತು ಹೋಗುವ ಹುಡುಗರಿಗೆ ಈ ಸುದ್ದಿ ಇನ್ನೂ ತಲುಪಿದ ಹಾಗಿಲ್ಲ.

ಹಾಗೆಂದು ಆಲ್ಟ್ರೇಷನ್ ನಮಗೇನೂ ಹೊಸದಲ್ಲ. ಪೆಟ್ರೋಲ್ ಕುಡಿಯುವ ಅಂಬಾಸಿಡರ್‌ನ ಹೊಟ್ಟೆಯಿಂದ ಎಂಜಿನ್ ತೆಗೆದು ಮ್ಯಾಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸುತ್ತಿದ್ದ ಕಾಲವನ್ನು ನೋಡಿದವರು ಇನ್ನೂ ಇದ್ದಾರೆ. ಕಾರು ಗಡಗಡ ನಡುಗುತ್ತಿತ್ತು, ಯಜಮಾನರ ಜೇಬು ನಡುಗುತ್ತಿರಲಿಲ್ಲ. ಕಾಂಟೆಸ್ಸಾದ ಕಥೆ ಇನ್ನೂ ಮಜವಾಗಿದೆ. 1984ರಲ್ಲಿ ಅದು ಬಂದಾಗ ಅಷ್ಟು ಗಾತ್ರದ ದೇಹಕ್ಕೆ 1.5 ಲೀಟರಿನ, ಸುಮಾರು 50 ಅಶ್ವಶಕ್ತಿಯ ಹಳೆಯ ಎಂಜಿನ್. ಪೈಲ್ವಾನನ ಮೈಗೆ ಪಾಠಶಾಲೆಯ ಮಾಣಿಯ ಉಸಿರು. ಕೆಲವು ವರ್ಷದಲ್ಲಿ ಕಂಪನಿಯೇ ಇಸುಜುವಿನ 1.8 ಲೀಟರ್ ಎಂಜಿನ್ ತಂದು ಕೂರಿಸಿದ ಮೇಲೆ ಅದು ಕಾರಾಯಿತು.

ಮಿಯಾಟಾದ ಆ ಪುಟ್ಟ ಬಾನೆಟ್ಟಿನೊಳಗೆ ಅಮೆರಿಕದ ಐದು ಲೀಟರಿನ ವಿ8 ಎಂಜಿನ್ ತುರುಕುವವರೂ ಇದ್ದಾರೆ. ನನಗೆ ಇಲ್ಲಿ ಕಾರ್ನಾಡರ ಹಯವದನ ನೆನಪಾಗುತ್ತದೆ. ದೇವದತ್ತನ ತಲೆ, ಕಪಿಲನ ಮೈ. ಪದ್ಮಿನಿಗೆ ಎರಡೂ ಒಟ್ಟಿಗೆ ಸಿಕ್ಕಿದ ಸಂಭ್ರಮ ಸ್ವಲ್ಪ ದಿನ. ಆಮೇಲೆ ತಲೆ ಹೇಳಿದಂತೆ ಮೈ ಮೆತ್ತಗಾಗಿ ದೇವದತ್ತ ಹಳೆಯ ದೇವದತ್ತನೇ ಆಗುತ್ತಾನೆ. ಕಾರಿನಲ್ಲಿ ಹಾಗಲ್ಲ. ಇಲ್ಲಿ ಹೊಸ ಮೈಯೇ ತಲೆಯನ್ನು ಆಳುತ್ತದೆ. ಮೂಗಿನ ಮೇಲೆ ಭಾರ ಕೂತ ಮಿಯಾಟಾ ತಿರುವಿನಲ್ಲಿ ಮಿಯಾಟಾ ಅಲ್ಲ.

ಆದರೂ ಈ ಹುಚ್ಚನ್ನು ನಾನು ಹಗುರ ಮಾಡಲಾರೆ. ಕೋಳಿ ಫಾರಂ ನಡೆಸಿ ಕೈಸುಟ್ಟುಕೊಂಡಿದ್ದ, ಆಮೇಲೆ ರೇಸಿಗಿಳಿದು 1959ರಲ್ಲಿ ಲ ಮಾನ್ಸ್ ಗೆದ್ದ ಕ್ಯಾರಲ್ ಶೆಲ್ಬಿ, 1962ರಲ್ಲಿ ಇಂಗ್ಲೆಂಡಿನ ಎಸಿ ಕಂಪನಿಯ ಹಗುರ ಕಾರಿಗೆ ಫೋರ್ಡ್ ವಿ8 ಹಾಕಿದ. ಹುಟ್ಟಿದ್ದು ಕೋಬ್ರಾ. ಇವತ್ತು ಅಸಲಿ ಕೋಬ್ರಾ ಒಂದು ಸಿಕ್ಕರೆ ಮನೆ ಮಾರಿದರೂ ಸಾಲದು. ಕ್ಯಾಥರೀನ್ ವೀಲ್ ಎಂಬ ಬ್ಯಾಂಡಿನಲ್ಲಿ ಹಾಡುತ್ತಿದ್ದ ರಾಬ್ ಡಿಕಿನ್ಸನ್ 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಂಗರ್ ಎಂಬ ಕಂಪನಿ ತೆರೆದ. ಅವನ ಕಸುಬು ಹಳೆಯ ಪೋರ್ಷೆ 911ಗಳನ್ನು ಬಿಚ್ಚಿ ಮತ್ತೆ ಕಟ್ಟುವುದು. ಹಾಗೆ ಕಟ್ಟಿದ ಹಳೆಯ ಕಾರಿಗೆ ಹೊಸ 911ಗಿಂತ ಹಲವು ಪಟ್ಟು ಬೆಲೆ. ಶೆಲ್ಬಿಯೂ ಡಿಕಿನ್ಸನ್ನೂ ಗೆದ್ದರು, ನಿಜ. ಆದರೆ ಅವರಿಗೆ ಅದೇ ದಿನದ ದುಡಿಮೆ. ನಮ್ಮ ಹುಡುಗನಿಗೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗ್ ಇದೆ.

ಮಾರಿ ಬಾಕ್ಸ್‌ಟರ್ ಕೊಳ್ಳುವುದೋ? ಹಳೆಯ ಬಾಕ್ಸ್‌ಟರ್ ಈಗ ಅಗ್ಗ. 1996ರಲ್ಲಿ ಬಂದ ಮೊದಲ ಮಾದರಿಗೆ 2.5 ಲೀಟರಿನ ಆರು ಸಿಲಿಂಡರ್ ಎಂಜಿನ್, 200 ಚಿಲ್ಲರೆ ಅಶ್ವಶಕ್ತಿ, ಬೆನ್ನ ಹಿಂದೆ ಕೂತ ಎಂಜಿನ್ನಿನ ನಾದ. ಫ್ರೀವೇಯ ಮಿನಿವ್ಯಾನ್ ಸಮಸ್ಯೆ ಒಂದೇ ದಿನದಲ್ಲಿ ಪರಿಹಾರ. ಆದರೆ ಅಗ್ಗಕ್ಕೆ ಕಾರಣ ಇಲ್ಲದೆ ಇರುತ್ತದೆಯೆ? ಆ ಎಂಜಿನ್ನಿನ ಹೊಟ್ಟೆಯೊಳಗೆ ಇಂಟರ್‌ಮೀಡಿಯೇಟ್ ಶಾಫ್ಟಿಗೆ ಆಸರೆಯಾದ ಒಂದು ಪುಟ್ಟ ಬೇರಿಂಗ್ ಇದೆ. ಎಲ್ಲ ಕಾರಿನಲ್ಲೂ ಕೈಕೊಡುವುದಿಲ್ಲ. ಕೊಟ್ಟರೆ ಎಂಜಿನ್ನೇ ಹೋಯಿತು. ಕೊಳ್ಳುವ ಬೆಲೆ ಇಳಿದರೂ ಪೋರ್ಷೆಯ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಇನ್ನು ಮಿಯಾಟಾದ ಬಾನೆಟ್ ಎತ್ತಿದರೆ ನೆಲ ಕಾಣುತ್ತದೆ, ಬಾಕ್ಸ್‌ಟರಿನ ಎಂಜಿನ್ ಸುಲಭಕ್ಕೆ ಕಣ್ಣಿಗೇ ಬೀಳುವುದಿಲ್ಲ. ಎಣ್ಣೆ ಹಾಕುವ ಬಾಯಿ ಹಿಂದಿನ ಡಿಕ್ಕಿಯಲ್ಲಿ. ತಾನೇ ಸ್ಪ್ಯಾನರ್ ಹಿಡಿಯುವ ಆಸೆಯಿದ್ದವನಿಗೆ ಇದು ಸಣ್ಣ ಮಾತಲ್ಲ.

ಮಾಜ್ದಾದವರೇ ಈ ಪ್ರಶ್ನೆಗೆ ಏನು ಉತ್ತರ ಕೊಟ್ಟರು ನೋಡಿ. 2004ರಲ್ಲಿ ಅವರೇ ಟರ್ಬೊ ಹಾಕಿ 178 ಅಶ್ವಶಕ್ತಿಯ ಮಿಯಾಟಾ ಮಾಡಿದರು. ಸಸ್ಪೆನ್ಷನ್ ಬಿಗಿಮಾಡಿ, ಕ್ಲಚ್ ಗಟ್ಟಿಮಾಡಿ, ಚೆನ್ನಾಗಿಯೇ ಮಾಡಿದರು. ಮುಂದಿನ ಮಾದರಿಯಲ್ಲಿ ಅದನ್ನು ಕೈಬಿಟ್ಟರು. 2019ರ ಹೊತ್ತಿಗೆ ಟರ್ಬೊ ಇಲ್ಲದ ಎರಡು ಲೀಟರಿನ ಎಂಜಿನ್ನಿನಲ್ಲೇ 181 ಅಶ್ವಶಕ್ತಿ ಪಡೆದರು. ದಾರಿ ಸರಳ: ಒಳಗಿನ ಭಾಗಗಳನ್ನು ಹಗುರಮಾಡಿ, ನಿಮಿಷಕ್ಕೆ 7500 ಸುತ್ತು ತಿರುಗುವಂತೆ ಮಾಡಿದರು.

ಇಷ್ಟೆಲ್ಲ ಚರ್ಚೆ ಬೆಟ್ಟದ ಮೇಲೆ, ರಸ್ತೆ ಪಕ್ಕ ಕಾರು ನಿಲ್ಲಿಸಿಕೊಂಡು. ಮಂಡಿನೋವಿನವನು ಅಷ್ಟು ತಗ್ಗಿನ ಕಾರಿನಿಂದ ಏಳುವುದೇ ಒಂದು ಯೋಗಾಸನ. ಎದ್ದವನು ಹಿಂದಿನ ಚಕ್ರ ಹಿಡಿದು ಕೂತೆ, ಸುಮ್ಮನೆ ಟೈರಿನ ಬದಿ ನೋಡಿದೆ. ತಯಾರಾದ ವಾರ, ವರ್ಷ ಎರಡನ್ನೂ ಸೇರಿಸಿ ನಾಲ್ಕು ಅಂಕಿ ಅಚ್ಚು ಹಾಕಿರುತ್ತಾರೆ. 2314 ಎಂದಿತ್ತು. ಅಂದರೆ 2014ರ 23ನೇ ವಾರ. ದಪ್ಪ ಚೆನ್ನಾಗಿತ್ತು, ರಬ್ಬರ್ ಮಾತ್ರ ಕಟ್ಟಿಗೆ. ಉಗುರು ಒತ್ತಿದರೆ ಇಳಿಯುತ್ತಿರಲಿಲ್ಲ. ಕಾರನ್ನು ರಸ್ತೆಗೆ ಹಿಡಿದಿರುವುದು ಅಂಗೈಯಗಲದ ಆ ನಾಲ್ಕು ತುಂಡು ರಬ್ಬರು, ಇವನು ಅದರ ಮೇಲೆ ಎರಡರಷ್ಟು ಬಲ ಹೇರುವ ಮಾತಾಡುತ್ತಿದ್ದಾನೆ.

"ಮೊದಲು ಟೈರು ಹಾಕಿಸೋ ಮಾರಾಯ" ಎಂದೆ. "ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು. ಸವೆದ ಷಾಕ್ ಅಬ್ಸಾರ್ಬರ್ ಬದಲಾಯಿಸು. ಉಳಿದ ದುಡ್ಡಲ್ಲಿ ಲಗೂನಾ ಸೇಕಾಗೆ ಹೋಗಿ, ಪಕ್ಕದಲ್ಲಿ ಮೇಷ್ಟ್ರನ್ನ ಕೂರಿಸ್ಕೊಂಡು ಓಡಿಸೋದು ಕಲಿ." ಮಾಂಟೆರೆಯ ಬಳಿಯ ಆ ಟ್ರ್ಯಾಕಿನಲ್ಲಿ ಕಾರ್ಕ್‌ಸ್ಕ್ರೂ ಎಂಬ ತಿರುವಿದೆ. ಐದು ಮಹಡಿಯ ಎತ್ತರದಿಂದ ಎಡಕ್ಕೆ, ಬಲಕ್ಕೆ ಹೊರಳುತ್ತ ಧುಮುಕುತ್ತದೆ. ಅಮೆರಿಕದಲ್ಲಿ ಮಿಯಾಟಾಗಳಿಗೆಂದೇ ಒಂದು ರೇಸ್ ವರ್ಗವಿದೆ. ಎಲ್ಲರ ಕಾರಿಗೂ ಒಂದೇ ಬಗೆಯ ಸಾಮಾನು. ಗೆಲ್ಲುವವನು ಕೈಚಳಕದಿಂದ ಗೆಲ್ಲಬೇಕು. ಅಲ್ಲಿ ಹಿಂದೆ ಬಿದ್ದವನು ಕಾರನ್ನು ಬೈಯುವಂತಿಲ್ಲ.

ಹುಡುಗ ಟೈರು ಹಾಕಿಸಿದ್ದಾನೆ. ಟರ್ಬೊ ಮಾತು ಪೂರ್ತಿ ನಿಂತಿಲ್ಲ. ಒಂದು ವರ್ಷ ಹೀಗೇ ಓಡಿಸಿದ ಮೇಲೂ ಬಲ ಸಾಲದು ಅನ್ನಿಸಿದರೆ ಎಂಜಿನ್ ಮುಟ್ಟದೆ ಇದನ್ನು ಮಾರಿ, ಕಂಪನಿಯೇ ಬಲ ಕೊಟ್ಟು ಕಳಿಸಿದ ಕಾರು ಕೊಳ್ಳು ಎಂದು ಹೇಳಿದ್ದೇನೆ. ಗ್ಯಾರೇಜಿನಲ್ಲಿ ಮೈಗೆ ಗ್ರೀಸ್ ಬಳಿದುಕೊಂಡು ಕೂರುವುದೇ ನಿಜವಾದ ಸುಖವಾಗಿದ್ದರೆ ಟರ್ಬೊ ಹಾಕಲಿ, ಆಗ ಲೆಕ್ಕ ಕೇಳುವ ಅಧಿಕಾರ ನನಗಿಲ್ಲ, ಅವನ ಹೆಂಡತಿಗಿದೆ.

ಇದೇ ಯೋಚನೆಯಲ್ಲಿರುವ ಓದುಗರಿಗೆ ಒಂದು ಮಾತು. ಏನೇ ಬದಲಾಯಿಸಿ, ಕಳಚಿದ ಹಳೆಯ ಭಾಗಗಳನ್ನು ಗುಜರಿಗೆ ಕೊಡಬೇಡಿ. ಚೀಟಿ ಅಂಟಿಸಿ ಅಟ್ಟದ ಮೇಲಿಡಿ. ಹಾಕಿಸಿದ ದುಡ್ಡನ್ನು ಮಾರುವಾಗ ಯಾರೂ ವಾಪಸು ಕೊಡುವುದಿಲ್ಲ. ಹಳೆಯ ಕಾರು ನೋಡಲು ಬಂದವನು ಮೊದಲು ಕೇಳುವುದೇ, "ಒರಿಜಿನಲ್ ಸಾಮಾನು ಇದೆಯಾ?" ಎಂದು.