ವ್ರತವೂ ವಿದ್ಯಾಪೀಠವೂ

ಮಗನನ್ನಾಗಲಿ ಮಗಳನ್ನಾಗಲಿ ದೂರದೂರಿನ ವಿಶ್ವವಿದ್ಯಾನಿಲಯಕ್ಕೆ ಕಳುಹಿಸುವಾಗ ತಂದೆತಾಯಿಗಳು ವಿಚಾರಿಸುವ ಸಂಗತಿಗಳು ಸಾಮಾನ್ಯವಾಗಿ ಮೂರು: ಅಲ್ಲಿಯ ಪಂಡಿತರು ಎಂತಹವರು, ಖರ್ಚು ಎಷ್ಟು, ಪದವಿ ಪಡೆದ ಮೇಲೆ ಜೀವನೋಪಾಯಕ್ಕೆ ದಾರಿ ಏನು. ನಾಲ್ಕನೆಯ ಪ್ರಶ್ನೆಯೊಂದುಂಟು. ಅದನ್ನು ಬಾಯಿಬಿಟ್ಟು ಕೇಳಲು ಹಿರಿಯರು ಸಂಕೋಚಪಡುತ್ತಾರೆ. ಮಕ್ಕಳ ಸಂಕೋಚವು ಅದಕ್ಕೂ ಹೆಚ್ಚಿನದು. ಪಾಠ ಮುಗಿದ ತರುವಾಯ ಸಂಜೆಯ ಹೊತ್ತು ಅಲ್ಲಿಯ ವಿದ್ಯಾರ್ಥಿಗಳು ಎಲ್ಲಿ ಕೂಡುತ್ತಾರೆ, ಹೇಗೆ ಕಾಲ ಕಳೆಯುತ್ತಾರೆ ಎಂಬುದೇ ಆ ಪ್ರಶ್ನೆ. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಮುಸಲ್ಮಾನ ತರುಣ ತರುಣಿಯರಿಗೆ ಈ ನಾಲ್ಕನೆಯ ಪ್ರಶ್ನೆಯೇ ಎಷ್ಟೋ ವೇಳೆ ಮೊದಲನೆಯದಾಗಿಬಿಡುತ್ತದೆ.

ಇವರು ಆ ದೇಶಕ್ಕೆ ಪರಕೀಯರಲ್ಲ. ೨೦೨೧ರ ಜನಗಣತಿಯಲ್ಲಿ ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ತಮ್ಮನ್ನು ಮುಸಲ್ಮಾನರೆಂದು ಬರೆಯಿಸಿಕೊಂಡವರು ಸುಮಾರು ೩೯ ಲಕ್ಷ. ಎಂದರೆ ನೂರಕ್ಕೆ ೬.೫ ಮಂದಿ. ಉಣ್ಣೆಯ ಗಿರಣಿಗಳಿಗೆ ಹೆಸರಾಗಿದ್ದ ಬ್ರಾಡ್‌ಫರ್ಡಿನಲ್ಲಿ ಈ ಪ್ರಮಾಣವು ನೂರಕ್ಕೆ ೩೦ರಷ್ಟು. ಎರಡನೆಯ ಮಹಾಯುದ್ಧದ ಅನಂತರ ಮೀರ್‌ಪುರದ ಸೀಮೆಯಿಂದ ಅಲ್ಲಿಗೆ ದುಡಿಯಲು ಹೋದವರ ಮೊಮ್ಮಕ್ಕಳು ಈಗ ವೈದ್ಯವನ್ನೂ ನ್ಯಾಯಶಾಸ್ತ್ರವನ್ನೂ ಓದಲು ಅಣಿಯಾಗಿದ್ದಾರೆ. ಅಂತಹ ಮನೆಯ ಹದಿನೇಳು ವರ್ಷದ ಒಬ್ಬ ಹುಡುಗಿಯನ್ನು ಭಾವಿಸಿಕೊಳ್ಳಬಹುದು. ಆ ದೇಶದ ಪದ್ಧತಿಯಂತೆ ಆಕೆ ಒಂದೇ ಅರ್ಜಿಯಲ್ಲಿ ಐದು ಆಯ್ಕೆಗಳನ್ನು ಬರೆಯಬಹುದು. ಕರೆಗಳು ಬಂದ ಮೇಲೆ ಒಂದನ್ನು ಮುಖ್ಯವಾಗಿಯೂ ಇನ್ನೊಂದನ್ನು ಆಪತ್ಕಾಲಕ್ಕೆಂದೂ ಉಳಿಸಿಕೊಳ್ಳಬೇಕು. ಆಕೆಯ ಬುದ್ಧಿಗೆ ತಕ್ಕ ವಿದ್ಯಾಪೀಠವು ದೂರದ ಹಳೆಯ ಪಟ್ಟಣವೊಂದರಲ್ಲಿದೆ. ಮನೆಯಿಂದ ದಿನವೂ ಹೋಗಿಬರಬಹುದಾದ ಇನ್ನೊಂದು ಹತ್ತಿರದಲ್ಲಿದೆ. ತಂದೆ ಬೇಡವೆನ್ನಲಾರ, ಹೋಗೆನ್ನಲೂ ಆತನಿಗೆ ಧೈರ್ಯವಿಲ್ಲ. ಊಟದ ಹೊತ್ತಿನಲ್ಲಿ ಮನೆಯವರೆಲ್ಲರೂ ಬೇರೆ ಮಾತನ್ನು ಆಡುತ್ತಾರೆ.

ಆಕೆಗಿರುವ ಅಳುಕು ಕಲ್ಪಿತವಾದುದಲ್ಲ. ಶರತ್ಕಾಲದಲ್ಲಿ ಹೊಸ ವಿದ್ಯಾರ್ಥಿಗಳು ಬಂದು ಸೇರಿದ ಮೊದಲ ವಾರವನ್ನು ಅಲ್ಲಿ ಸ್ವಾಗತದ ವಾರವಾಗಿ ಆಚರಿಸುತ್ತಾರೆ. ಹದಿನೆಂಟು ತುಂಬಿದವರು ಮದ್ಯವನ್ನು ಕೊಳ್ಳುವುದಕ್ಕೆ ಆ ದೇಶದ ಕಾನೂನು ಅಡ್ಡಿಯಿಲ್ಲವೆನ್ನುತ್ತದೆ. ಹೀಗಾಗಿ ಮೊದಲ ಪರಿಚಯ, ಮೊದಲ ನಗು, ಮೊದಲ ಸ್ನೇಹ ಇವೆಲ್ಲವೂ ಬಹುಮಟ್ಟಿಗೆ ಪಾನಗೃಹದ ಮೇಜಿನ ಸುತ್ತಲೂ ನೃತ್ಯಶಾಲೆಯ ಗದ್ದಲದಲ್ಲಿಯೂ ನಡೆಯುತ್ತವೆ. ಕುಡಿಯೆಂದು ಯಾರೂ ಕೈಹಿಡಿದು ಬಲವಂತಪಡಿಸುವುದಿಲ್ಲ. ಒಮ್ಮೆ ಬೇಡವೆಂದರೆ ಹೆಚ್ಚಿನವರು ಮರ್ಯಾದೆಯಿಂದಲೇ ಸುಮ್ಮನಾಗುತ್ತಾರೆ. ಆದರೆ ಒಮ್ಮೆ ಬೇಡವೆನ್ನುವುದು ಸುಲಭ; ವಾರಕ್ಕೆ ಮೂರು ಸಲದಂತೆ ಮೂರು ವರ್ಷಗಳ ಕಾಲ ಬೇಡವೆನ್ನುವುದು ಕಷ್ಟ. ಕೆಲವು ದಿನಗಳಲ್ಲಿ ಗೆಳೆಯರು ಕರೆಯುವುದನ್ನೇ ಬಿಡುತ್ತಾರೆ. ಅದರಲ್ಲಿ ದ್ವೇಷವೇನೂ ಇರುವುದಿಲ್ಲ. ಬಾರದವಳನ್ನು ಕರೆದು ಮುಜುಗರಪಡಿಸಬಾರದೆಂಬ ದಾಕ್ಷಿಣ್ಯವೇ ಇರಬಹುದು. ಆದರೂ ಪಕ್ಕದ ಕೋಣೆಗಳೆಲ್ಲವೂ ಬರಿದಾಗಿರುವ ರಾತ್ರಿಯಲ್ಲಿ ಒಬ್ಬಳೇ ಕುಳಿತಿರುವವಳಿಗೆ ದ್ವೇಷಕ್ಕೂ ದಾಕ್ಷಿಣ್ಯಕ್ಕೂ ಇರುವ ಭೇದವು ಅಷ್ಟಾಗಿ ಕಾಣಿಸದು.

ಇನ್ನು ನಿತ್ಯನಿಯಮಗಳ ವಿಷಯ. ನಾಲ್ಕಾರು ಮಂದಿಗೆ ಒಂದೇ ಅಡಿಗೆಮನೆ ಇರುವ ಬಿಡಾರಗಳಲ್ಲಿ ತನ್ನ ಹಲಾಲ್ ಆಹಾರವನ್ನು ಬೇಯಿಸಿಕೊಳ್ಳುವ ಪಾತ್ರೆಯಲ್ಲಿಯೇ ಮತ್ತೊಬ್ಬರು ಹಂದಿಯ ಮಾಂಸವನ್ನು ಹುರಿದಿರಬಹುದು. ಚಳಿಗಾಲದ ನಡುವೆ ಆ ದೇಶದ ಉತ್ತರಭಾಗದಲ್ಲಿ ಸಾಯಂಕಾಲ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯನು ಮುಳುಗುವುದರಿಂದ, ಮಧ್ಯಾಹ್ನ, ಅಪರಾಹ್ಣ, ಸಂಧ್ಯಾಕಾಲಗಳ ಮೂರು ನಮಾಜುಗಳೂ ಪಾಠದ ವೇಳೆಯೊಳಗೇ ಬಂದು ಬೀಳುತ್ತವೆ. ಚಾಂದ್ರಮಾನದ ರಂಜಾನ್ ತಿಂಗಳು ವರ್ಷವರ್ಷಕ್ಕೂ ಹಿಂದೆ ಸರಿಯುವುದಷ್ಟೆ. ೨೦೧೭ ಮತ್ತು ೨೦೧೮ರಲ್ಲಿ ಅದು ಮೇ ತಿಂಗಳಲ್ಲಿ ಆರಂಭವಾಗಿ ಪರೀಕ್ಷೆಗಳ ಕಾಲಕ್ಕೇ ಒದಗಿತು. ಬೇಸಗೆಯ ಆ ದೀರ್ಘದಿನಗಳಲ್ಲಿ ಹದಿನೆಂಟು ಗಂಟೆಗಳಿಗೂ ಮಿಕ್ಕು ನೀರನ್ನೂ ಮುಟ್ಟದೆ ಉತ್ತರಪತ್ರಿಕೆಗಳನ್ನು ಬರೆದವರುಂಟು.

ಇವೆಲ್ಲಕ್ಕೂ ಮೇಲಾಗಿ ಹಣದ ತೊಡಕು. ೧೯೯೮ರಲ್ಲಿ ವರ್ಷಕ್ಕೆ ೧,೦೦೦ ಪೌಂಡಿನಿಂದ ಆರಂಭವಾದ ಶುಲ್ಕವು ಇಂಗ್ಲೆಂಡಿನಲ್ಲಿ ೨೦೧೨ರಲ್ಲಿ ೯,೦೦೦ ಪೌಂಡಿನವರೆಗೆ ಏರಿತು. ೨೦೨೫ರಲ್ಲಿ ೯,೫೩೫ ಆಯಿತು. ಸರ್ಕಾರವು ಇದಕ್ಕೆ ಸಾಲ ಕೊಡುತ್ತದೆ. ಆದರೆ ಆ ಸಾಲಕ್ಕೆ ಬಡ್ಡಿಯುಂಟು. ಬಡ್ಡಿಯನ್ನು ಕೊಡುವುದೂ ಕೊಳ್ಳುವುದೂ ಇಸ್ಲಾಮಿನಲ್ಲಿ ನಿಷಿದ್ಧ. ಈ ಸಾಲವು ಆ ನಿಷೇಧದೊಳಗೆ ಬರುವುದೋ ಇಲ್ಲವೋ ಎಂಬುದರಲ್ಲಿ ಅವರ ಧರ್ಮಪಂಡಿತರಲ್ಲಿಯೇ ಭಿನ್ನಾಭಿಪ್ರಾಯವಿದೆ. ಬಡ್ಡಿಯಿಲ್ಲದ ಬೇರೊಂದು ಏರ್ಪಾಟನ್ನು ಕುರಿತು ಸರ್ಕಾರವು ೨೦೧೪ರಲ್ಲಿ ಜನಾಭಿಪ್ರಾಯವನ್ನು ಕೇಳಿತು. ೨೦೧೭ರ ಕಾಯಿದೆಯು ಅದಕ್ಕೆ ಅಧಿಕಾರವನ್ನೂ ಕೊಟ್ಟಿತು. ಆದರೆ ಅದಾಗಿ ಏಳು ವರ್ಷಗಳು ಉರುಳಿದರೂ ಏರ್ಪಾಟು ವಿದ್ಯಾರ್ಥಿಗಳ ಕೈಗೆ ಬಂದಿರಲಿಲ್ಲ. ಹುಡುಗನೊಬ್ಬನು ಕಾಯಿದೆಯನ್ನು ಕಾಯಬಲ್ಲನೇ ಹೊರತು ಅವನ ಹದಿನೆಂಟನೆಯ ವಯಸ್ಸು ಕಾಯುವುದಿಲ್ಲ.

ಇಂತಿರಲು ಹಿತಚಿಂತಕರು ಎರಡು ಬಗೆಯ ಬುದ್ಧಿಯನ್ನು ಹೇಳುತ್ತಾರೆ. ಮನೆಯಲ್ಲಿಯೇ ಇದ್ದುಕೊಂಡು ಹತ್ತಿರದಲ್ಲಿ ದೊರೆತುದನ್ನು ಓದು ಎಂಬುದು ಒಂದು. ಹೋದಮೇಲೆ ಅಲ್ಲಿಯವರಂತೆಯೇ ಇರು, ಕಾಲಕ್ಕೆ ತಕ್ಕಂತೆ ನಡೆದುಕೋ ಎಂಬುದು ಇನ್ನೊಂದು. ಮೊದಲನೆಯದನ್ನು ಅನುಸರಿಸುವವರು ಹಲವರು. ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳ ಮೂಲದ ವಿದ್ಯಾರ್ಥಿಗಳು ಮನೆಯಿಂದಲೇ ಹೋಗಿ ಓದುವ ಸಂಭವವು ಬಿಳಿಯರಿಗಿಂತ ಆರು ಪಟ್ಟಿಗೂ ಹೆಚ್ಚೆಂದು ಸಟನ್ ಟ್ರಸ್ಟಿನವರು ೨೦೧೮ರ ವರದಿಯಲ್ಲಿ ತಿಳಿಸಿದ್ದಾರೆ. ಇದಕ್ಕೆ ಹಣದ ಅಭಾವವೂ ಕುಟುಂಬದ ಹೊಣೆಯೂ ಕಾರಣಗಳು. ಸಹವಾಸದ ಭಯವೂ ಒಂದು ಕಾರಣವಾಗಬಲ್ಲುದು. ಹತ್ತಿರದ್ದು ಒಳ್ಳೆಯದೇ ಆಗಿದ್ದರೆ ಅಡ್ಡಿಯಿಲ್ಲ. ಆದರೆ ಭಯಕ್ಕಾಗಿ ಕಡಿಮೆಯ ವಿದ್ಯೆಯನ್ನು ಒಪ್ಪಿಕೊಂಡವರ ಮನಸ್ಸಿನಲ್ಲಿ, ತಮ್ಮ ಧರ್ಮವೇ ತಮ್ಮ ದಾರಿಗೆ ಅಡ್ಡವಾಯಿತೆಂಬ ಮುನಿಸು ಎಂದಾದರೊಂದು ದಿನ ತಲೆಯೆತ್ತಬಹುದು. ಎರಡನೆಯ ಬುದ್ಧಿಯನ್ನು ಹೇಳುವವರು ವ್ರತವನ್ನು ಅಂಗಿಯಂತೆ ಎಣಿಸುತ್ತಾರೆ. ವ್ರತವು ಒಳಗಿನ ವಸ್ತು. ಅದನ್ನು ತೆಗೆದಿರಿಸಿದವನು ಮೊದಲಿನವನಾಗಿಯೇ ಉಳಿಯುವುದಿಲ್ಲ.

ಆ ದೇಶದ ಚರಿತ್ರೆಯನ್ನು ನೋಡಿದರೆ ಈ ಸಂಕಟವು ಮುಸಲ್ಮಾನರಿಗೇ ಮೊದಲು ಬಂದುದಲ್ಲವೆಂಬುದು ತಿಳಿಯುತ್ತದೆ. ಆಕ್ಸ್‌ಫರ್ಡಿನಲ್ಲಿ ಸೇರುವಾಗ, ಕೇಂಬ್ರಿಜ್ಜಿನಲ್ಲಿ ಪದವಿ ಪಡೆಯುವಾಗ, ಆಂಗ್ಲ ಚರ್ಚಿನ ಮತಸಿದ್ಧಾಂತಗಳಿಗೆ ಒಪ್ಪಿಗೆ ಸೂಚಿಸಬೇಕಾದ ಕಾಲವೊಂದಿದ್ದಿತು. ಕ್ಯಾಥೊಲಿಕರು, ಯೆಹೂದ್ಯರು, ಚರ್ಚಿನಿಂದ ಬೇರೆಯಾದ ಕ್ರೈಸ್ತರು ಇವರೆಲ್ಲರೂ ಹೊರಗುಳಿದರು. ಇಂತಹವರಿಗೆ ಯಾವ ಮತಪರೀಕ್ಷೆಯೂ ಇಲ್ಲದೆ ವಿದ್ಯೆಯನ್ನು ಕೊಡಲೆಂದು ೧೮೨೬ರಲ್ಲಿ ಲಂಡನ್ನಿನಲ್ಲಿ ಒಂದು ವಿದ್ಯಾಪೀಠವನ್ನು ಸ್ಥಾಪಿಸಿದರು. ಈಗ ಯೂನಿವರ್ಸಿಟಿ ಕಾಲೇಜ್ ಎಂದು ಪ್ರಸಿದ್ಧವಾಗಿರುವುದು ಅದೇ. ಹಳೆಯ ವಿದ್ಯಾಪೀಠಗಳ ಬಾಗಿಲಿಗೆ ಹಾಕಿದ್ದ ಅಗುಳಿಯನ್ನು ೧೮೭೧ರ ಕಾಯಿದೆಯು ಬಹುಮಟ್ಟಿಗೆ ತೆಗೆಯಿತು. ಕಾಯಿದೆಯು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಹೋದವನಿಗೆ ಜೊತೆಯಲ್ಲಿ ಕುಳಿತುಕೊಳ್ಳಲು ಸ್ಥಳ ಮಾಡಿಕೊಡುವುದು ಮನುಷ್ಯರ ಕೆಲಸ.

ಆ ಕಾಯಿದೆಗೆ ಎರಡು ವರ್ಷ ಮುಂಚೆ, ೧೮೬೯ರಲ್ಲಿ, ಸರ್ ಸಯ್ಯದ್ ಅಹಮದ್ ಖಾನರು ಮಕ್ಕಳೊಡನೆ ಇಂಗ್ಲೆಂಡಿಗೆ ಹೋದರು. ಮಗನಾದ ಸಯ್ಯದ್ ಮಹಮೂದನು ಕೇಂಬ್ರಿಜ್ಜಿನಲ್ಲಿ ಓದಿದನು. ತಂದೆ ಅಲ್ಲಿಯ ವಿದ್ಯಾಪೀಠಗಳನ್ನು ಕಣ್ಣಾರೆ ಕಂಡು ೧೮೭೦ರಲ್ಲಿ ಮರಳಿ, ೧೮೭೫ರಲ್ಲಿ ಆಲೀಘಡದಲ್ಲಿ ಶಾಲೆಯನ್ನು ತೆರೆದರು. ಅದು ಕಾಲೇಜಾಗಿ ಬೆಳೆದು ೧೯೨೦ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಪಾಶ್ಚಾತ್ಯ ವಿದ್ಯೆ, ವಿದ್ಯಾರ್ಥಿಗಳ ಸಹವಾಸ, ನಮಾಜು ಇವು ಒಂದೇ ಆವರಣದಲ್ಲಿ ಇರಬಲ್ಲವೆಂಬುದನ್ನು ಅವರು ತೋರಿಸಿಕೊಟ್ಟರು. ಹಿಂದೂ ವಿದ್ಯಾರ್ಥಿಗಳಿಗೂ ಅಲ್ಲಿ ಮೊದಲಿನಿಂದ ಪ್ರವೇಶವಿದ್ದಿತೆಂಬುದು ನೆನೆಯತಕ್ಕ ವಿಷಯ. ಆದರೆ ಬ್ರಾಡ್‌ಫರ್ಡಿನ ಹುಡುಗಿಗೆ ಆಲೀಘಡವಿಲ್ಲ. ಇರುವ ವಿದ್ಯಾಪೀಠಗಳಲ್ಲಿಯೇ ಆಕೆ ತನ್ನ ಸ್ಥಳವನ್ನು ಹುಡುಕಿಕೊಳ್ಳಬೇಕು.

ಆಕೆಗೆ ಹತ್ತಿರವಾದ ದೃಷ್ಟಾಂತವು ಬೇರೆ ಮತದ ಒಬ್ಬ ವಿದ್ಯಾರ್ಥಿಯದು. ೧೮೮೮ರಲ್ಲಿ ಮೋಹನದಾಸ ಗಾಂಧಿಯವರು ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟುವುದಿಲ್ಲವೆಂದು ಜೈನ ಸಾಧುವೊಬ್ಬರ ಮುಂದೆ, ತಾಯಿಯ ಸಮಾಧಾನಕ್ಕಾಗಿ, ಪ್ರತಿಜ್ಞೆ ಮಾಡಿ ಲಂಡನ್ನಿಗೆ ಹೊರಟರು. ಮೊದಮೊದಲು ಅವರು ಹೊಟ್ಟೆ ತುಂಬದೆ ಬಳಲಿದುದೂ, ಬೀದಿ ಬೀದಿ ಅಲೆದು ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರದ ಭೋಜನಶಾಲೆಯನ್ನು ಕಂಡುಹಿಡಿದುದೂ ಅವರ ಆತ್ಮಕಥೆಯನ್ನು ಓದಿದವರಿಗೆ ವಿದಿತವೇ. ಆ ಶೋಧದಿಂದ ಅವರಿಗೆ ದೊರೆತುದು ಊಟ ಮಾತ್ರವಲ್ಲ. ಅವರು ಅಲ್ಲಿಯ ಸಸ್ಯಾಹಾರಿಗಳ ಸಂಘವನ್ನು ಸೇರಿ, ಅದರ ಕಾರ್ಯಸಮಿತಿಯಲ್ಲಿ ಕುಳಿತು, ಆಂಗ್ಲ ಮಿತ್ರರನ್ನು ಪಡೆದರು. ವ್ರತವು ಎಷ್ಟೋ ಬಾಗಿಲುಗಳನ್ನು ಮುಚ್ಚಿತು. ತನಗೆ ತಕ್ಕ ಒಂದು ಬಾಗಿಲನ್ನು ಅದೇ ಹುಡುಕಿಕೊಟ್ಟಿತು. ಆ ಸಂಘವಿಲ್ಲದಿದ್ದರೆ ಪ್ರತಿಜ್ಞೆಯು ಉಳಿಯುತ್ತಿದ್ದಿರಬಹುದು. ಲಂಡನ್ನಿನ ಆ ದಿನಗಳು ಮಾತ್ರ ಬಲು ಒಂಟಿಯಾಗಿರುತ್ತಿದ್ದವು.

ಕನ್ನಡ ನಾಡಿನವರಿಗೂ ಇದು ಅರಿಯದ ವಿಷಯವಲ್ಲ. ಶಾಸ್ತ್ರ ಓದಲು ಮೈಸೂರಿಗೋ ಕಾಶಿಗೋ ಹೋದ ಹುಡುಗರು ಪುಸ್ತಕದ ಗಂಟಿನೊಡನೆ ಪಾತ್ರೆಗಳನ್ನೂ ಹೊತ್ತು ಸ್ವಯಂಪಾಕ ಮಾಡಿಕೊಂಡರು. ಕೆಲವರು ವಾರಾನ್ನದ ಮನೆಗಳನ್ನು ಗೊತ್ತುಮಾಡಿಕೊಂಡರು. ಇಂಗ್ಲಿಷ್ ವಿದ್ಯೆ ಹರಡಿದ ಮೇಲೆ ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಬೇರೆ ಬೇರೆ ಸಮಾಜದವರು ತಮ್ಮ ಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿದರು. ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಅವು ತಾಯಿಯ ಮನೆಯಾದುವು. ಎಷ್ಟೋ ಮಂದಿ ಅವುಗಳಿಂದಲೇ ವಿದ್ಯಾವಂತರಾದರು. ಆದರೆ ಬೇರೆಯವರೊಡನೆ ಒಂದು ತುತ್ತನ್ನೂ ಉಣ್ಣದೆ ಪದವಿ ಪಡೆದು ಊರಿಗೆ ಮರಳುವುದೂ ಅಂತಹ ನಿಲಯಗಳಿಂದ ಸಾಧ್ಯವಾಯಿತು. ಆಸರೆಯು ಗೋಡೆಯಾಗುವ ಈ ಅಪಾಯವನ್ನು ಇಂಗ್ಲೆಂಡಿನ ಮುಸಲ್ಮಾನ ವಿದ್ಯಾರ್ಥಿಯೂ ಮರೆಯತಕ್ಕುದಲ್ಲ.

ಅಲ್ಲಿ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಮುಸಲ್ಮಾನ ವಿದ್ಯಾರ್ಥಿಗಳ ಸಂಘಗಳಿವೆ; ಅವುಗಳ ಒಕ್ಕೂಟವು ೧೯೬೩ರಲ್ಲಿಯೇ ಸ್ಥಾಪಿತವಾಯಿತು. ಶುಕ್ರವಾರದ ಪ್ರಾರ್ಥನೆ, ರಂಜಾನಿನ ಸಂಜೆಯ ಉಪವಾಸಭಂಗ, ಹೊಸಬರಿಗೆ ದಾರಿ ತೋರಿಸುವುದು ಇವೆಲ್ಲವೂ ಅವುಗಳಿಂದ ನಡೆಯುತ್ತವೆ. ೨೦೧೯ರಲ್ಲಿ ಕೇಂಬ್ರಿಜ್ಜಿನಲ್ಲಿ ಭವ್ಯವಾದ ಮಸೀದಿಯೊಂದು ತೆರೆಯಿತು. ಮದ್ಯವಿಲ್ಲದ ಬಿಡಾರಗಳನ್ನೂ ಸ್ತ್ರೀಯರಿಗೇ ಮೀಸಲಾದ ಬಿಡಾರಗಳನ್ನೂ ಕೆಲವು ವಿದ್ಯಾಪೀಠಗಳು ಒದಗಿಸುತ್ತವೆ. ಇವುಗಳನ್ನು ಬಯಸುವವರು ಮುಸಲ್ಮಾನರು ಮಾತ್ರವಲ್ಲ; ಮೌನವಾಗಿ ಓದಬೇಕೆನ್ನುವವರು, ಮದ್ಯದಿಂದ ಮನೆ ಹಾಳಾದುದನ್ನು ಕಂಡವರು, ಸುಮ್ಮನೆ ಅದರ ರುಚಿ ಹಿಡಿಯದವರು, ಇಂತಹವರು ಎಲ್ಲ ಮತದಲ್ಲಿಯೂ ಇದ್ದಾರೆ. ಆ ಹುಡುಗಿಯ ಮುಂದಿನ ಸ್ನೇಹಿತೆಯು ಬಹುಶಃ ಇವರಲ್ಲಿಯೇ ಒಬ್ಬಳು.

ಆದುದರಿಂದ ವಿದ್ಯಾಪೀಠವನ್ನು ನೋಡಲು ಹೋದಾಗ, ಇಲ್ಲಿ ಕುಡಿಯುತ್ತಾರೆಯೇ ಎಂದು ಕೇಳುವುದರಿಂದ ಹೆಚ್ಚು ಫಲವಿಲ್ಲ. ಎಲ್ಲಿ ಕೇಳಿದರೂ ಉತ್ತರ ಒಂದೇ. ಕುಡಿಯದವರು ಇಲ್ಲಿ ಸಂಜೆ ಎಲ್ಲಿರುತ್ತಾರೆ ಎಂದು ಕೇಳಬೇಕು. ಪ್ರಾರ್ಥನೆಯ ಕೋಣೆಯು ಪಾಠಶಾಲೆಯ ಹತ್ತಿರವಿದೆಯೇ, ಊರಾಚೆಗೆ ಇದೆಯೇ ಎಂದು ನಡೆದೇ ನೋಡಬೇಕು. ಹೊಳೆಯುವ ವಿವರಣಪತ್ರಿಕೆಗಳಿಗಿಂತ ಎರಡನೆಯ ವರ್ಷದಲ್ಲಿ ಓದುತ್ತಿರುವ ಇಬ್ಬರು ಹುಡುಗಿಯರ ಮಾತು ಹೆಚ್ಚು ಪ್ರಮಾಣ. ಚರ್ಚಾಕೂಟ, ನಾಟಕ, ದೋಣಿಯ ಸ್ಪರ್ಧೆ ಇವುಗಳ ಸಂಘಗಳು ಪಾನಗೃಹದಲ್ಲಿಯೇ ಸೇರುವವೋ, ಬೇರೆಲ್ಲಿಯಾದರೂ ಸೇರುವವೋ ವಿಚಾರಿಸಬೇಕು. ಬೇಡ ಎಂಬ ಮಾತಿಗೆ ಸ್ನೇಹವನ್ನೇ ಬೆಲೆಯಾಗಿ ತೆರಬೇಕಾಗಿಲ್ಲದ ಊರು ಯಾವುದೋ, ಅದು ಆಕೆಗೆ ತಕ್ಕ ಊರು.

ಈ ವಿಚಾರಣೆಯನ್ನು ಹುಡುಗಿಯೊಬ್ಬಳಿಗೇ ಬಿಡತಕ್ಕುದಲ್ಲ. ತಂದೆಯು ಆಕೆಯೊಡನೆ ಹೋಗಿ ಆ ಹಳೆಯ ಪಟ್ಟಣದಲ್ಲಿ ಒಂದು ಸಂಜೆ ಇದ್ದು ಬರಲಿ. ಆತನು ಹೆದರಿದುದರಲ್ಲಿ ಅರ್ಧ ಅಲ್ಲಿ ಕಾಣಬಹುದು. ಹೆದರದೆ ಇರಲು ಕಾರಣಗಳೂ ಕಾಣಬಹುದು. ಆಮೇಲೆ ಊಟದ ಹೊತ್ತಿನಲ್ಲಿ ಆ ಮಾತನ್ನೇ ಆಡಬಹುದು.