ನೀನು ಯಾವ ಪೇಪರ್ ಓದ್ತೀಯಾ?

ನಮ್ಮ ದೊಡ್ಡಪ್ಪ ಈನಾಡು. ಚಿಕ್ಕಪ್ಪ ಸಾಕ್ಷಿ. ಮಡಕಶಿರಾ ಕಡೆಯ ನಮ್ಮೂರಲ್ಲಿ ಇಷ್ಟು ಹೇಳಿದರೆ ಸಾಕು, ಯಾರ ವೋಟು ಯಾರಿಗೆ ಅಂತ ಬೇರೆ ಕೇಳಬೇಕಾಗಿಲ್ಲ. ಮನೆಯಲ್ಲಿ ಎಲ್ಲರ ಮಾತೂ ಕನ್ನಡವೇ. ಆದರೆ ಊರಿರುವುದು ಆಂಧ್ರದಲ್ಲಿ, ಹಾಗಾಗಿ ಜಗಳವೆಲ್ಲ ತೆಲುಗು ಪೇಪರ್ ಹಿಡಿದುಕೊಂಡೇ.

ಈ ಜಗಳ ನಿನ್ನೆ ಮೊನ್ನೆಯದಲ್ಲ. 1983ರಲ್ಲಿ ಎನ್‌ಟಿಆರ್ ಗೆದ್ದು ಬಂದಾಗ ರಾಮೋಜಿ ರಾವ್ ಅವರ ಈನಾಡು ಬೆನ್ನಿಗೆ ನಿಂತಿತ್ತು ಅನ್ನೋದನ್ನ ದೊಡ್ಡಪ್ಪ ಈಗಲೂ ಹೆಮ್ಮೆಯಿಂದ ಹೇಳ್ತಾರೆ. ವೈ.ಎಸ್. ರಾಜಶೇಖರ ರೆಡ್ಡಿ ಮುಖ್ಯಮಂತ್ರಿಯಾಗಿದ್ದಾಗ ಈನಾಡು, ಆಂಧ್ರಜ್ಯೋತಿಯ ಹೆಸರೆತ್ತದೆ ‘ಆ ಎರಡು ಪತ್ರಿಕೆಗಳು’ ಅನ್ನುತ್ತಿದ್ದರು. 2008ರಲ್ಲಿ ಮಗ ಜಗನ್ ತಮ್ಮದೇ ಸಾಕ್ಷಿ ಶುರು ಮಾಡಿದರು. ಅವರೇ ಮುಖ್ಯಮಂತ್ರಿಯಾದ ಮೇಲೆ ಆ ಎರಡು ಪತ್ರಿಕೆ, ಟಿವಿ5, ಚಂದ್ರಬಾಬು ನಾಯ್ಡು ಎಲ್ಲ ಸೇರಿ ‘ದುಷ್ಟ ಚತುಷ್ಟಯ’ ಆದರು. 2022ರಲ್ಲಿ ಸರ್ಕಾರ ಊರೂರಿನ ವಾಲಂಟಿಯರ್‌ಗಳಿಗೆ ಪೇಪರ್ ಕೊಳ್ಳೋಕೆ ಅಂತ ತಿಂಗಳಿಗೆ 200 ರೂಪಾಯಿ ಕೊಡುವ ಆದೇಶ ಮಾಡಿತು. ಇದು ಸಾಕ್ಷಿಯ ಪ್ರಸಾರ ಹೆಚ್ಚಿಸೋ ಉಪಾಯ ಅಂತ ಈನಾಡು ಸಂಸ್ಥೆ ಕೋರ್ಟಿಗೆ ಹೋಯಿತು. 2024ರ ಫೆಬ್ರವರಿಯಲ್ಲಿ ರಾಪ್ತಾಡಿನ ‘ಸಿದ್ಧಂ’ ಸಭೆಯಲ್ಲಿ ಆಂಧ್ರಜ್ಯೋತಿಯ ಫೋಟೊಗ್ರಾಫರ್ ಒಬ್ಬರನ್ನು ಗುಂಪು ಸೇರಿ ಹೊಡೆದರು. ‘ಪಾಪ, ಆತ ಏನ್ ಮಾಡಿದ್ದ?’ ಅಂತ ದೊಡ್ಡಮ್ಮ ಅಂದಿದ್ದಕ್ಕೆ ಚಿಕ್ಕಪ್ಪ ಎರಡು ದಿನ ಮಾತು ಬಿಟ್ಟಿದ್ದರಂತೆ.

ನಾನು ಬೆಳೆದದ್ದು ತುಮಕೂರು, ಕೆಲಸ ಬೆಂಗಳೂರು. ಅಪ್ಪ ತೀರಿಕೊಂಡ ಮೇಲೆ ಊರಿಗೆ ಹೋಗೋದು ಅಪರೂಪ. ಮೇ 13ರ ಮತದಾನಕ್ಕೆ ಚಿಕ್ಕಪ್ಪನ ಮಗ ಹೊರಟಾಗ ಅವನ ಜೊತೆ ನಾನೂ ಹಿಂದೂಪುರದ ಬಸ್ ಹತ್ತಿದೆ. ನನಗಲ್ಲಿ ವೋಟಿಲ್ಲ. ಮಾವಿನಹಣ್ಣಿನ ಆಸೆ, ಅಷ್ಟೇ.

ಶನಿವಾರ ಪ್ರಚಾರದ ಕೊನೆಯ ದಿನ. ಮನೆಯಲ್ಲಿ ಮಾತೆಲ್ಲ ಭೂಹಕ್ಕಿನ ಕಾಯ್ದೆಯದ್ದೇ. ಲ್ಯಾಂಡ್ ಟೈಟ್ಲಿಂಗ್ ಆ್ಯಕ್ಟ್ ಅಂತ ಕೇಳಿರ್ತೀರಿ. ದೊಡ್ಡಪ್ಪನ ಪೇಪರ್ ಪ್ರಕಾರ ಜಗನ್ ಇನ್ನೊಂದು ಸಲ ಗೆದ್ದರೆ ಭೂಮಿ ನಮ್ಮ ಕೈಯಲ್ಲಿ ಉಳಿಯಲ್ಲ. ಚಿಕ್ಕಪ್ಪನ ಪೇಪರ್ ಪ್ರಕಾರ ಇದೆಲ್ಲ ಯೆಲ್ಲೋ ಮೀಡಿಯಾದ ಸುಳ್ಳು, ಕಾಯ್ದೆ ಬಂದರೆ ನಮ್ಮ ಭೂಮಿಗೆ ಸರ್ಕಾರವೇ ಗ್ಯಾರಂಟಿ. ಮಾತಿನ ಮಧ್ಯೆ ಚಿಕ್ಕಪ್ಪ ಒಳಗೆ ಹೋಗಿ, ಮರುಸರ್ವೆ ಆದ ಮೇಲೆ ಬಂದ ಹೊಸ ಪಾಸ್‌ಬುಕ್ ತಂದು ಜಗಲಿ ಮೇಲಿಟ್ಟರು. ಮುಖಪುಟದಲ್ಲಿ ಜಗನ್ ಫೋಟೊ.

‘ನೋಡಮ್ಮ, ಹೊಲ ನಮ್ಮಪ್ಪುಂದು, ಫೋಟೊ ಅವುಂದು’ ಅಂದರು ದೊಡ್ಡಪ್ಪ.

‘ಫೋಟೊ ಇದ್ರೆ ಹೊಲ ಎದ್ದು ಹೋಗ್ತೈತಾ?’ ಚಿಕ್ಕಪ್ಪ ಬಿಡಲಿಲ್ಲ.

ಅರ್ಧ ಗಂಟೆ ಆ ಫೋಟೊ ಮೇಲೆಯೇ ನಡೆಯಿತು. ನಾನು ಸುಮ್ಮನೆ ಒಳಪುಟ ತೆರೆದೆ. ತೆಲುಗು ತಡವರಿಸಿಕೊಂಡು ಓದ್ತೀನಿ, ಅಂಕಿ ಓದೋಕೆ ಕಷ್ಟವಿಲ್ಲ. ತಾತನದು 7 ಎಕರೆ 80 ಸೆಂಟು, ಮೂವರು ಗಂಡುಮಕ್ಕಳು. ಬಾಯಿಮಾತಿನ ಭಾಗ, ಒಬ್ಬೊಬ್ಬರಿಗೆ 2 ಎಕರೆ 60 ಸೆಂಟು ಅಂತ ಅಪ್ಪ ಹೇಳ್ತಿದ್ದರು. ಅಪ್ಪನ ಭಾಗವನ್ನೂ ಚಿಕ್ಕಪ್ಪನೇ ಮಾಡ್ತಿದ್ದರು, ವರ್ಷಕ್ಕೊಂದು ಮೂಟೆ ಕಡಲೆಕಾಯಿ ಮನೆಗೆ ಬರ್ತಿತ್ತು. ಪಾಸ್‌ಬುಕ್‌ನಲ್ಲಿ ಚಿಕ್ಕಪ್ಪನ ಹೆಸರು, ಎದುರಿಗೆ 5 ಎಕರೆ 20 ಸೆಂಟು.

ಮುಚ್ಚಿಟ್ಟೆ. ರಾತ್ರಿ ಮಹಡಿ ಮೇಲೆ ಮಲಗಿಕೊಂಡು ಮೊಬೈಲಿನಲ್ಲಿ ಕಾಯ್ದೆಯ ಇಂಗ್ಲಿಷ್ ಪ್ರತಿ ಹುಡುಕಿ ಓದಿದೆ. ಆಫೀಸಲ್ಲಿ ಕಾಂಟ್ರ್ಯಾಕ್ಟ್ ಓದೋದೇ ನನ್ನ ಕೆಲಸ, ಆದರೂ ಒಂದೂವರೆ ಗಂಟೆ ಹಿಡಿಯಿತು. ನೀತಿ ಆಯೋಗ ರಾಜ್ಯಗಳಿಗೆ ಕಳಿಸಿದ್ದ ಮಾದರಿ ಕರಡಿನಿಂದ ಹುಟ್ಟಿದ ಕಾಯ್ದೆ ಅದು. ಸರ್ಕಾರ ಭೂಮಿ ಕಿತ್ತುಕೊಳ್ಳುತ್ತದೆ ಅಂತ ಎಲ್ಲೂ ಇಲ್ಲ. ಆದರೆ ರಿಜಿಸ್ಟರ್‌ನಲ್ಲಿ ಬಂದ ಹೆಸರಿಗೆ ಎರಡು ವರ್ಷದೊಳಗೆ ಯಾರೂ ತಕರಾರು ಮಾಡದಿದ್ದರೆ ಅದೇ ಅಂತಿಮ. ತಕರಾರಿದ್ದರೆ ಸಿವಿಲ್ ಕೋರ್ಟಿಗೆ ಹೋಗುವ ಹಾಗಿಲ್ಲ. ಅಧಿಕಾರಿ, ಅವನ ಮೇಲೊಬ್ಬ ಅಧಿಕಾರಿ, ಆಮೇಲೆ ಹೈಕೋರ್ಟ್. ಅಂದರೆ ಹೆದರಬೇಕಾದವರು ನಮ್ಮಂಥವರು. ಬಾಯಿಮಾತಿನ ಪಾಲಿನವರು, ಊರು ಬಿಟ್ಟವರು, ಗಂಡ ಸತ್ತ ಮೇಲೆ ಖಾತೆ ಬದಲಾಯಿಸದ ನಮ್ಮಮ್ಮನಂಥವರು. ಆ ಮೂರು ದಿನ ಜಗಲಿ ಮೇಲಿದ್ದ ಎರಡೂ ಪೇಪರ್‌ಗಳಲ್ಲಿ ಇಂಥವರ ಸುದ್ದಿ ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ತೆಲುಗಿನ ಮೇಲೂ ಸ್ವಲ್ಪ ಅನುಮಾನವಿದೆ, ಅದು ಬೇರೆ ಮಾತು.

ಎದುರಿಗೆ ಕೇಳೋ ಧೈರ್ಯ ಬರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಒಂದು ವಾರದ ಮೇಲೆ ಫೋನ್ ಮಾಡಿದೆ. ‘ಚಿಕ್ಕಪ್ಪ, ಅಪ್ಪನ ಭಾಗ ಈಗ ಯಾರ ಹೆಸರಲ್ಲಿದೆ?’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನೀನೂ ಈನಾಡು ಓದೋಕೆ ಶುರು ಮಾಡಿದ್ಯೇನಮ್ಮ? ಅಣ್ಣ ಹೇಳ್ಕೊಟ್ನಾ?’

ಟಿವಿಯಲ್ಲಿ ಎಷ್ಟು ಸಲ ನೋಡಿದ್ದೆ ಇದನ್ನ. ಯಾರೋ ಪ್ರಶ್ನೆ ಕೇಳ್ತಾರೆ, ನಾಯಕರು ಮೊದಲು ಮೈಕಿನ ಮೇಲಿರೋ ಲೋಗೊ ನೋಡ್ತಾರೆ. ನಗು ಬರ್ತಿತ್ತು ಆಗ. ನನ್ನ ಚಿಕ್ಕಪ್ಪ, ಅಪ್ಪನ ಸೈಕಲ್ ಮೇಲೆ ನನ್ನನ್ನು ಕೂರಿಸಿಕೊಂಡು ಜಾತ್ರೆ ತೋರಿಸಿದ ಮನುಷ್ಯ, ನನ್ನ ಕೈಯಲ್ಲೂ ಒಂದು ಲೋಗೊ ಹುಡುಕಿದರು.

ದೊಡ್ಡಪ್ಪನಿಗೆ ಹೇಳಿದ್ದು ಇನ್ನೊಂದು ತಪ್ಪು. ‘ನಾನ್ ಹೇಳ್ಲಿಲ್ವಾ, ಜಗನ್ ಸರ್ವೆನೇ ಮೋಸ!’ ಅಂತ ಅವರಿಗೆ ಖುಷಿಯೇ ಆಯಿತು. ‘ಸರ್ವೆಗೆ ಬಂದಾಗ ನೀವೂ ಹೊಲದಲ್ಲಿದ್ರಲ್ಲ ದೊಡ್ಡಪ್ಪ?’ ಅಂದೆ. ದನಕ್ಕೆ ನೀರಿಡಬೇಕು ಅಂತ ಫೋನಿಟ್ಟರು.

ಜೂನ್ 4ಕ್ಕೆ ಫಲಿತಾಂಶ. ಹಿಂದಿನ ಸಲ 175ರಲ್ಲಿ 151 ಗೆದ್ದಿದ್ದ ಜಗನ್ ಪಕ್ಷಕ್ಕೆ 11 ಸೀಟು. ಮಡಕಶಿರಾದಲ್ಲಿ ತೆಲುಗುದೇಶಂ ಗೆದ್ದದ್ದು ಬರೀ 351 ವೋಟಿನಿಂದ. ನಾಲ್ಕೇ ದಿನಕ್ಕೆ ರಾಮೋಜಿ ರಾವ್ ತೀರಿಕೊಂಡರು. ದೊಡ್ಡಪ್ಪ ಅವತ್ತು ಊಟ ಮಾಡಲಿಲ್ಲವಂತೆ. ಚಂದ್ರಬಾಬು ಅಧಿಕಾರಕ್ಕೆ ಬಂದು ಮೊದಲು ಸಹಿ ಹಾಕಿದ ಕಡತಗಳಲ್ಲಿ ಆ ಕಾಯ್ದೆಯ ರದ್ದತಿಯೂ ಒಂದು. ಪಾಸ್‌ಬುಕ್ ಮೇಲೆ ಫೋಟೊ ತೆಗೆದು ರಾಜಮುದ್ರೆ ಹಾಕ್ತೀವಿ ಅಂತಲೂ ಹೊಸ ಸರ್ಕಾರ ಹೇಳಿತು.

ಒಳಪುಟದ 5 ಎಕರೆ 20 ಸೆಂಟು ಹಾಗೇ ಇದೆ. ಆ ವರ್ಷ ಕಡಲೆಕಾಯಿ ಮೂಟೆಯೂ ಬಂತು, ಎಂದಿನ ಹಾಗೆ, ಮೇಲೆ ಚಿಕ್ಕಪ್ಪನ ಅಕ್ಷರದಲ್ಲಿ ಅಮ್ಮನ ಹೆಸರು. ತಹಶೀಲ್ದಾರರಿಗೆ ಕೊಡೋ ಅರ್ಜಿಯನ್ನ ದೊಡ್ಡಮ್ಮ ಯಾರಿಗೂ ಹೇಳದೆ ತೆಲುಗಿನಲ್ಲಿ ಬರೆದು ಕಳಿಸಿದ್ದಾರೆ. ಅಮ್ಮ ಸಹಿಯನ್ನೂ ಹಾಕಿದ್ದಾರೆ. ತಾರೀಖಿನ ಜಾಗ ಮಾತ್ರ ಇನ್ನೂ ಖಾಲಿ ಬಿಟ್ಟಿದ್ದಾರೆ.